ಕ್ಯಾನೊಪಿ ಚಿಲಕ: ಒಂದೇ ಹಿಡಿ, ಮೂರು ಅಗುಳಿ

ಸಣ್ಣ ವಿಮಾನದಲ್ಲಿ ಕೂರುವವರ ತಲೆ ಮೇಲಿನ ಪಾರದರ್ಶಕ ಮುಚ್ಚಳವೇ ಕ್ಯಾನೊಪಿ. ಪಕ್ಕಕ್ಕೆ ತೆರೆಯುವ ಕ್ಯಾನೊಪಿಗೆ ಒಂದೇ ಹಿಡಿಯಿಂದ ಮೂರು ಅಗುಳಿ ಓಡಿಸಬೇಡ, ಒಂದಲ್ಲ ಒಂದು ಸಿಕ್ಕಿಕೊಂಡೇ ತೀರುತ್ತದೆ ಎಂದವರೇ ಹೆಚ್ಚು. ಸಿಕ್ಕಿಕೊಂಡಿದ್ದೂ ನಿಜ. ಕಾರಣ ಹುಡುಕಿ ಸರಿಪಡಿಸಿದ ಮೇಲೆ ನೂರು ಗಂಟೆಯ ಆಸುಪಾಸು ಹಾರಿದೆ. ಹಿಡಿ ಎರಡು ಬೆರಳಲ್ಲಿ ತಿರುಗುತ್ತದೆ, ಮುಂದಿನ ಮೂಲೆಯ ಸಿಳ್ಳೆ ನಿಂತಿದೆ.

ಮೊದಲು ಎಳೆತದ ಲೆಕ್ಕ. ಗಂಟೆಗೆ 250 ಕಿ.ಮೀ. ವೇಗದಲ್ಲಿ, ಸಮುದ್ರಮಟ್ಟದಲ್ಲಿ, ಗಾಳಿಯ ಡೈನಾಮಿಕ್ ಒತ್ತಡ (ವೇಗದಿಂದ ಹುಟ್ಟುವ ಒತ್ತಡ) ಚದರ ಮೀಟರಿಗೆ ಸುಮಾರು 300 ಕೆ.ಜಿ. ನನ್ನ ಕ್ಯಾನೊಪಿ ಮೇಲಿನಿಂದ ನೋಡಿದರೆ 0.9 ಚದರ ಮೀಟರ್. ಸರಾಸರಿ ಹೀರುವಿಕೆ ಆ ಒತ್ತಡದ ಅರ್ಧ ಎಂದಿಟ್ಟುಕೊಂಡರೂ 135 ಕೆ.ಜಿ. ಮೇಲಕ್ಕೆ ಎಳೆಯುತ್ತದೆ. ಅದರಲ್ಲಿ ಅರ್ಧ ಕೀಲುಗಳ ಪಾಲು, ಅರ್ಧ ಚಿಲಕದ ಬದಿಯದು. 8 ಮಿ.ಮೀ. ಉಕ್ಕಿನ ಅಗುಳಿಗೆ ಇದೇನೂ ಭಾರವಲ್ಲ. ಹಾಗಾಗಿ ಚಿಲಕ ಎಷ್ಟು ಗಟ್ಟಿ ಎಂದು ನೋಡಿ ಆರಿಸುವುದರಲ್ಲಿ ಅರ್ಥವಿಲ್ಲ. ಎಳೆತ ಬಿದ್ದಾಗ ಅದು ಬಿಗಿಯುವ ಕಡೆ ಸರಿಯುತ್ತದೋ, ಬಿಚ್ಚುವ ಕಡೆ ಸರಿಯುತ್ತದೋ, ಅದನ್ನು ನೋಡಬೇಕು. ನಾನು ಹಣ ಕಳೆದುಕೊಂಡದ್ದೆಲ್ಲ ಇದನ್ನು ಮರೆತಾಗಲೇ.

ಮೊದಲು ಹಾಕಿದ್ದು ಸಿದ್ಧ ಟಾಗಲ್ ಚಿಲಕಗಳ ಜೋಡಿ, ಸನ್ನೆಯನ್ನು ಮಧ್ಯಬಿಂದು ದಾಟಿಸಿ ಒತ್ತಿದರೆ ಬಿಗಿದು ಕೂರುವಂಥವು. ಮಧ್ಯಬಿಂದು ದಾಟಿ ಕೂರುವ ಅಂತರ ಒಂದು ಮಿ.ಮೀ. ಕೂಡ ಇರಲಿಲ್ಲ. ರಬ್ಬರ್ ಸೀಲು ಹೊಸದಿದ್ದಾಗ ಅದರ ಪುಟಿತವೇ ಚಿಲಕವನ್ನು ಬಿಗಿಯಾಗಿ ಇಟ್ಟಿತ್ತು. ಕೆಲವು ವಾರದಲ್ಲಿ ಸೀಲು ಕುಗ್ಗಿತು, ಬಿಗಿ ಹೋಯಿತು, ಎಂಜಿನ್ ಐಡಲ್‌ನಲ್ಲಿ ನಡುಗುವಾಗ ಸನ್ನೆ ತಾನಾಗಿ ಮೇಲೇಳತೊಡಗಿತು. ಆ ಜೋಡಿಗೆ ಸುರಿದ ಹಣದಲ್ಲಿ ಈಗಿನ ಜೋಡಣೆಯನ್ನು ಮೂರು ಸಲ ಮಾಡಬಹುದಿತ್ತು.

ಎರಡನೆಯದು ತಿರುಗುವ ಕೊಳವೆಯ ಮೇಲೆ ಕೊಕ್ಕೆಗಳು. ಕೊಕ್ಕೆ ಹಿಡಿಯುವ ಬಿಂದುವಿನಿಂದ ಎಳೆತದ ರೇಖೆ ತಿರುಗುವ ಕೇಂದ್ರದ ಮೂಲಕವೇ ಹೋಗಬೇಕು, ಇಲ್ಲವೇ ತುಸು ಮುಚ್ಚುವ ಬದಿಗಿರಬೇಕು. ನನ್ನದು ನಾಲ್ಕು ಮಿ.ಮೀ. ತೆರೆಯುವ ಬದಿಗಿತ್ತು, ಹಿಡಿಯ ಕೆಳಗಿನ ಸ್ಪ್ರಿಂಗ್ ಗುಂಡೊಂದೇ ಎಲ್ಲವನ್ನೂ ತಡೆದಿತ್ತು. ಮೇಲಾಗಿ ತೆಳು ಕೊಳವೆ ತಿರುಚಿಕೊಳ್ಳುತ್ತಿತ್ತು. ಹಿಡಿ ಪೂರ್ತಿ ಮುಚ್ಚಿದ್ದರೂ ಮುಂದಿನ ಕೊಕ್ಕೆ ಅರ್ಧದಲ್ಲೇ ನಿಂತಿರುತ್ತಿತ್ತು. ಅದಷ್ಟೂ ಗುಜರಿಗೆ ಹೋಯಿತು.

ಈಗಿನದರಲ್ಲಿ ಅಗುಳಿಗಳು ಹಿಂದೆಮುಂದೆ ಓಡುತ್ತವೆ, ಅಡ್ಡಕ್ಕಲ್ಲ. ಬಿಸಿಲಿಗೆ 30 ಡಿಗ್ರಿ ಏರಿದರೆ ಒಂದು ಮೀಟರ್ ಅಕ್ರಿಲಿಕ್ (ಕ್ಯಾನೊಪಿಯ ಪಾರದರ್ಶಕ ಪ್ಲಾಸ್ಟಿಕ್) ಸುಮಾರು 2 ಮಿ.ಮೀ. ಉದ್ದವಾಗುತ್ತದೆ, ಅಲ್ಯೂಮಿನಿಯಂ 0.7 ಮಾತ್ರ. ಅಗುಳಿ ಉದ್ದುದ್ದಕ್ಕೆ ಓಡಿದರೆ ಈ ಹಿಗ್ಗಿನಿಂದ ಅದು ಹೊಕ್ಕ ಆಳವಷ್ಟೇ ಬದಲಾಗುತ್ತದೆ, ತೂತು ತಪ್ಪುವುದಿಲ್ಲ. ಅಕ್ರಿಲಿಕ್ಕಿನ ಸ್ಕ್ರೂ ತೂತುಗಳನ್ನೂ ದೊಡ್ಡದಾಗಿಯೇ ಬಿಡಿ, ಇಲ್ಲದಿದ್ದರೆ ಚೌಕಟ್ಟೇ ಬಿಲ್ಲಿನಂತೆ ಬಾಗುತ್ತದೆ.

ಅಗುಳಿಯ ಓಟ 22 ಮಿ.ಮೀ. ತುದಿಯ ಮೊನಚು 8, ಲಗ್ಗಿನ (ಅಗುಳಿ ಹೊಗುವ ತೂತಿರುವ ಪಟ್ಟಿಯ) ದಪ್ಪ 6, ಲಗ್ಗು ದಾಟಿದ ಮೇಲೆ ಸಪಾಟು ಭಾಗ 4, ಮಿಕ್ಕಿದ್ದು ತೆರೆದಾಗಿನ ಬಿಡುವು. ಮೊನಚು ಭಾಗ ಲಗ್ಗಿನೊಳಗೇ ನಿಲ್ಲಲು ಬಿಡಬೇಡಿ. ಮೇಲೆಳೆತ ಆ ಇಳಿಜಾರಿನ ಮೇಲೆ ಬಿದ್ದು ಅಗುಳಿಯನ್ನು ಹಿಂದಕ್ಕೆ ನೂಕುತ್ತದೆ. ಹಿಡಿ ತಾನಾಗಿ ಸಡಿಲವಾಗುತ್ತಿದೆ ಎಂದು ದೂರುವವರು ಮೊದಲು ಇದನ್ನು ಅಳೆಯಲಿ.

ಸಿಕ್ಕಿಕೊಳ್ಳುತ್ತಿದ್ದುದಕ್ಕೆ ಕಾರಣ ಎರಡು. ಅಗುಳಿ ಓಡುವ ಬ್ಲಾಕುಗಳು ನೈಲಾನಿನವು. ನೈಲಾನ್ ತೇವ ಹೀರಿ ಉಬ್ಬುತ್ತದೆ, ಮಳೆಗಾಲದಲ್ಲಿ ಹಿಡಿ ಅಲುಗುತ್ತಿರಲಿಲ್ಲ. ಅಷ್ಟು ತೇವ ಹೀರದ ಅಸಿಟಾಲ್ ಪ್ಲಾಸ್ಟಿಕ್ಕಿಗೆ ಬದಲಿಸಿದೆ, ತೂತನ್ನು 8.1ಕ್ಕೆ ರೀಮ್ ಮಾಡಿದೆ, ಅಂದರೆ ನಯವಾಗಿ ಹಿಗ್ಗಿಸಿದೆ. ಇನ್ನೊಂದು, ಮೂರೂ ಲಗ್ಗುಗಳಲ್ಲಿ ಗುಂಡು ತೂತು ಕೊರೆದಿದ್ದು. ಈಗ ಮಧ್ಯದ್ದು ಮಾತ್ರ ಗುಂಡು. ಮುಂದಿನದು, ಹಿಂದಿನದು ಎತ್ತರ 8.2, ಅಗಲ 10ರ ಉದ್ದತೂತು. ಎಳೆತ ಬರುವುದು ಮೇಲಕ್ಕೆ, ಬಿಗಿ ಬೇಕಾದದ್ದೂ ಅಲ್ಲೇ. ಹಿಡಿಯಿಂದ ಅಗುಳಿಗಳನ್ನು ಓಡಿಸುವ ತಳ್ಳುಕಡ್ಡಿಗೆ ಅವನ್ನು ಬೆಸೆಯಬೇಡಿ. ತುಸು ಆಡುವ ಕ್ಲೆವಿಸ್ (ಕವಲಿನಲ್ಲಿ ಪಿನ್ನು ತೂರಿಸಿದ ಕೀಲು) ಹಾಕಿ.

ಲಗ್ಗುಗಳನ್ನು ಕೊರೆಯುವುದು ಕೊನೆಗೆ. ಸೀಲು ಕೂರಿಸಿ, ಕ್ಯಾನೊಪಿ ಮುಚ್ಚಿ ಕ್ಲಾಂಪ್ ಹಾಕಿ, ಚೂಪು ತುದಿಯ ಡಮ್ಮಿ ಅಗುಳಿಯಿಂದ ಗುರುತು ಹೊಡೆಯಿರಿ. ಮಧ್ಯದ ಲಗ್ಗಿಗೆ ಎಷ್ಟು ಮುಂಬಿಗಿ ಕೊಟ್ಟೆ, ಶಿಮ್‌ಗಳನ್ನು (ಅಂತರ ಹೊಂದಿಸುವ ತೆಳು ತಗಡುಗಳನ್ನು) ಯಾವ ಕ್ರಮದಲ್ಲಿ ತೆಗೆದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಒಂದು ಚಳಿಗಾಲ ಪೂರ್ತಿ ಅದಕ್ಕೇ ಹೋಗಿದೆ.

ಪರೀಕ್ಷೆಯನ್ನು ಅಕ್ರಿಲಿಕ್ ಕೂರಿಸುವ ಮೊದಲೇ ಮುಗಿಸಿದೆ. ಫ್ಯೂಸೆಲಾಜನ್ನು (ವಿಮಾನದ ಒಡಲನ್ನು) ಬುಡಮೇಲು ಮಾಡಿ, ಕ್ಯಾನೊಪಿ ಚೌಕಟ್ಟಿಗೆ ಪಟ್ಟಿ ಕಟ್ಟಿ ಮರಳು ಚೀಲ ನೇತುಹಾಕಿದೆ, ಒಟ್ಟು 270 ಕೆ.ಜಿ.ಯಷ್ಟು. ಎರಡೇ ಅಗುಳಿ ಇದ್ದಾಗ ಮುಂದಿನ ಮೂಲೆ ನಾಲ್ಕು ಮಿ.ಮೀ. ಬಾಯಿ ಬಿಟ್ಟಿತು, ಮೂರು ಹಾಕಿದ ಮೇಲೆ ಒಂದೇ. ಭಾರವೆಂದು ಮೂರನೆಯದನ್ನು ಬಿಡು ಎಂದವರಿಗೆ ಆ ಮೂಲೆಯನ್ನೇ ತೋರಿಸಿದೆ. ಆ ಮೂರನೆಯ ಅಗುಳಿಯ ತೂಕ ಇನ್ನೂರು ಗ್ರಾಮೂ ಇರಲಿಕ್ಕಿಲ್ಲ.

ನಡುವೆ ಅಯಸ್ಕಾಂತದ ಹಿಡಿಕೆಯನ್ನೂ ನೋಡಿದೆ. ಮುಚ್ಚಲು ಬಲು ಹಿತ, ಆದರೆ ದಿಕ್ಸೂಚಿ ಹತ್ತು ಡಿಗ್ರಿಗೂ ಹೆಚ್ಚು ತಿರುಗಿತು, ಅಂದೇ ಕಿತ್ತೆಸೆದೆ. ಕ್ಯಾನೊಪಿಯನ್ನು ಮೇಲೆತ್ತುವ ಗ್ಯಾಸ್ ಸ್ಪ್ರಿಂಗಿನ ಪ್ರಯೋಗ ಲಾಭ ತಂದಿತು. ಅಗುಳಿ ಹೊಕ್ಕದಿದ್ದರೆ ಕ್ಯಾನೊಪಿ ಎರಡು ಬೆರಳಗಲ ಮೇಲೆದ್ದು ನಿಲ್ಲುವಂತೆ ಅದರ ಬ್ರ್ಯಾಕೆಟ್ ಇಟ್ಟಿದ್ದೇನೆ. ಮುಚ್ಚಿದಂತೆ ಕಂಡು ಮುಚ್ಚದಿರುವ ಕ್ಯಾನೊಪಿಯೇ ಟೇಕಾಫ್ ಓಟದಲ್ಲಿ ಹಾರಿಹೋಗುವುದು. ಚಳಿಯಲ್ಲಿ ಆ ಸ್ಪ್ರಿಂಗ್ ಸೋಲುತ್ತದೆ, ಆದ್ದರಿಂದ ಅದೊಂದನ್ನೇ ನಂಬಬೇಡಿ.

ಎಚ್ಚರಿಕೆಯ ಕೆಂಪು ದೀಪದ ಮೈಕ್ರೋಸ್ವಿಚ್ಚನ್ನು (ಪುಟ್ಟ ಒತ್ತುಗುಂಡಿಯ ಸ್ವಿಚ್ಚನ್ನು) ಹಿಡಿಯ ಹತ್ತಿರ ಇಟ್ಟರೆ ಅದು ಹಿಡಿಯ ಸುದ್ದಿ ಮಾತ್ರ ಹೇಳುತ್ತದೆ. ಮುಂದಿನ, ಹಿಂದಿನ ಲಗ್ಗು ದಾಟಿದ ಅಗುಳಿತುದಿಯೇ ಒತ್ತುವಂತೆ ಒಂದೊಂದು ಇಟ್ಟು, ಒತ್ತಿದಾಗ ಸಂಪರ್ಕ ಕಡಿಯುವಂತೆ ಎರಡನ್ನೂ ಸಮಾಂತರವಾಗಿ ಜೋಡಿಸಿ. ಎರಡೂ ಒತ್ತಿದರಷ್ಟೇ ಕೆಂಪು ದೀಪ ಆರಬೇಕು. ಅಗುಳಿಗಳ ಜತೆ ಸಂಬಂಧವಿಲ್ಲದ, ಕಾರಿನ ಬಾನೆಟ್ಟಿನಲ್ಲಿರುವಂಥ ಎರಡನೇ ಕೊಕ್ಕೆ ಬೇಕೇ ಬೇಕು. ಅಗುಳಿ ಬಿಟ್ಟರೂ ಕ್ಯಾನೊಪಿ ಮೂರು ಬೆರಳಿಗಿಂತ ಹೆಚ್ಚು ಏಳಬಾರದು. ಹಾರುವಾಗ ಕಿತ್ತುಹೋದರೆ ಅದು ಬಾಲಕ್ಕೆ ಬಡಿಯಬಹುದು. ಹಿಂದೆ ಪ್ರೊಪೆಲ್ಲರ್ ಇರುವ ವಿಮಾನದಲ್ಲಿ ನೇರ ಪ್ರೊಪೆಲ್ಲರಿಗೇ.

ಹಿಡಿ ಮುಂದಕ್ಕೆ ನೂಕಿದರೆ ಮುಚ್ಚುವಂತಿರಲಿ, ತೋಳಿಗೋ ಬೆಲ್ಟಿಗೋ ಸಿಕ್ಕಿ ಹಿಂದಕ್ಕೆ ಬರದಂತೆ ಪಕ್ಕದಲ್ಲಿ ತಡೆಗೋಡೆ ಇರಲಿ. ಹೊರಗಿನಿಂದಲೂ ತೆರೆಯುವ ಹಿಡಿ ಬೇಕು, ಪಕ್ಕದಲ್ಲಿ ಬಾಣದ ಗುರುತು ಬೇಕು. ವಿಮಾನ ಮಗುಚಿದರೆ ಯಾವ ಚಿಲಕವೂ ಕೆಲಸಕ್ಕೆ ಬರುವುದಿಲ್ಲ; ಕೂತಲ್ಲಿಂದಲೇ ಕೈಗೆಟುಕುವಂತೆ ಒಡೆಯುವ ಸುತ್ತಿಗೆ ಕಟ್ಟಿಡಿ. ಇನ್ನು ಲಗ್ಗಿನ ಬೋಲ್ಟುಗಳಿಗೆ ಥ್ರೆಡ್‌ಲಾಕರ್ ದ್ರವ (ಬೋಲ್ಟು ಸಡಿಲವಾಗದಂತೆ ಹಿಡಿಯುವ ಅಂಟು) ಹಾಕಬೇಡಿ, ಅದು ಅಕ್ರಿಲಿಕ್ಕಿಗೆ ತಾಗಿದರೆ ಕೂದಲೆಳೆಯ ಬಿರುಕುಗಳು ಏಳುತ್ತವೆ. ಲಾಕ್‌ನಟ್ ಸಾಕು.