ಚಾಕುವಿಗಿಂತ ಮೊದಲು ಒರೆ ನೋಡಿ

ಗೊಬ್ಬರದ ಚೀಲ ಬಿಚ್ಚುವುದೂ ಒಂದು ವಿದ್ಯೆಯೇ. ಹೊಲಿಗೆ ದಾರದ ಸರಿಯಾದ ತುದಿ ಸಿಕ್ಕರೆ ಒಂದೇ ಎಳೆತಕ್ಕೆ ಸರ್ರನೆ ಬಾಯಿ ತೆರೆಯುತ್ತದೆ. ತಪ್ಪು ತುದಿ ಎಳೆದಿರೋ, ಗಂಟು ಇನ್ನಷ್ಟು ಬಿಗಿಯುತ್ತದೆ. ಆಮೇಲೆ ಹಲ್ಲು, ಬೈಕಿನ ಕೀಲಿಕೈ, ಕುಡುಗೋಲು, ಕೈಗೆ ಏನು ಸಿಕ್ಕರೆ ಅದು. ನಾನು ಹತ್ತು ಸಲದಲ್ಲಿ ಎಂಟು ಸಲ ತಪ್ಪು ತುದಿ ಹಿಡಿಯುವವನು. ಹಾಗಾಗಿ ನನ್ನ ಜೇಬಿನಲ್ಲಿ ಯಾವಾಗಲೂ ಒಂದು ಸಣ್ಣ ಚಾಕು ಇರುತ್ತದೆ.

ಮನೆ ದಾವಣಗೆರೆಯಲ್ಲಿ, ತೋಟ ಹೊಳಲ್ಕೆರೆ ಕಡೆ. ವಾರಕ್ಕೆ ಮೂರು ದಿನ ಬೈಕಿನಲ್ಲಿ ಓಡಾಟ. ಡ್ರಿಪ್ ಪೈಪ್ ಕತ್ತರಿಸಲು, ಸುತಲಿ ಕೊಯ್ಯಲು, ಸೀಬೆಹಣ್ಣು ಹೆಚ್ಚಲು, ಮನೆಗೆ ಬಂದ ಕೊರಿಯರ್ ಡಬ್ಬಿ ಬಿಚ್ಚಲು ಅದೇ ಚಾಕು. ಮೂರು ಚಾಕು ಕೊಂಡು, ಎರಡನ್ನು ಮೂಲೆಗೆ ಹಾಕಿದ ಮೇಲೆ ಬಂದ ಬುದ್ಧಿಯನ್ನು ಇಲ್ಲಿ ಬರೆದಿದ್ದೇನೆ.

ನಾನು ಹೇಳುತ್ತಿರುವುದು ಮಡಚದ ಚಾಕುವಿನ ಬಗ್ಗೆ. ಮಡಚುವುದು ಸಾಲದಾ ಅಂತ ಕೇಳುತ್ತೀರಿ. ಪೇಟೆಯೊಳಗೇ ಇರುವವರಿಗೆ ಸಾಕು. ಆದರೆ ಮಡಚುವ ಚಾಕುವಿಗೆ ಒಂದು ಕೀಲು ಇರುತ್ತದೆ. ನಮ್ಮ ಕೆಂಪು ಮಣ್ಣಿನ ಧೂಳು, ಹಲಸಿನ ಮೇಣ, ಮಾವಿನಹಣ್ಣಿನ ರಸ ಎಲ್ಲವೂ ಅಲ್ಲೇ ಹೋಗಿ ಕೂರುತ್ತವೆ. ಮಡಚದ ಚಾಕುವಿಗೆ ಆ ರಗಳೆ ಇಲ್ಲ. ನಲ್ಲಿ ಕೆಳಗೆ ಹಿಡಿದು ತೊಳೆದು ಒರೆಸಿದರೆ ಮುಗಿಯಿತು. ಜೋರಾಗಿ ಒತ್ತಿದಾಗ ತಾನಾಗಿ ಮುಚ್ಚಿ ಬೆರಳು ಕಚ್ಚುವ ಭಯವೂ ಇಲ್ಲ. ಒಂದೇ ತೊಂದರೆ, ಅಲಗು ಸದಾ ತೆರೆದೇ ಇರುತ್ತದೆ. ಅದನ್ನು ತೊಡೆಯ ಪಕ್ಕದಲ್ಲಿ ಇಟ್ಟುಕೊಂಡು ತಿರುಗಬೇಕು. ಅದಕ್ಕೇ ಒರೆ ಮೊದಲು, ಚಾಕು ಆಮೇಲೆ ಅನ್ನುವುದು.

ಮೊದಲು ರಟ್ಟಿನ ಚಾಕು

ಅಂಗಡಿಗೆ ಹೋಗುವ ಮುಂಚೆ ದಪ್ಪ ರಟ್ಟಿನಲ್ಲಿ ಒಂದು ಚಾಕು ಕತ್ತರಿಸಿಕೊಳ್ಳಿ. ಅಲಗು ಎರಡೂವರೆ ಇಂಚು, ಹಿಡಿ ಮೂರೂವರೆ ಇಂಚು, ಒಟ್ಟು ಆರು ಇಂಚು. ಒರೆಯ ದಪ್ಪ ಬರುವಷ್ಟು ಮೂರು ನಾಲ್ಕು ಪದರ ಅಂಟಿಸಿ. ಅದನ್ನು ದಿನಾ ಹಾಕುವ ಪ್ಯಾಂಟಿನ ಜೇಬಿನಲ್ಲಿ ಎರಡು ದಿನ ಇಟ್ಟುಕೊಂಡು ಓಡಾಡಿ. ಬೈಕ್ ಹತ್ತಿ. ಮದುವೆ ಊಟಕ್ಕೆ ಹೋದರೆ ಪಂಕ್ತಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ನೋಡಿ. ಸೊಂಟದ ಮೂಳೆಗೆ ಒತ್ತುತ್ತದಾ? ಫೋನ್ ತೆಗೆಯುವಾಗ ಅಡ್ಡ ಬರುತ್ತದಾ? ಒತ್ತಿದರೆ ಅರ್ಧ ಇಂಚು ಕತ್ತರಿಸಿ, ಮತ್ತೆ ನೋಡಿ.

ಸುಮ್ನೆ ಹುಡುಗಾಟದಂತೆ ಕಾಣುತ್ತದೆ. ಆದರೆ ಈ ಕೆಲಸ ಮಾಡದೆ ನಾನು ಕೊಂಡ ಮೊದಲ ಚಾಕು ನಾಲ್ಕೂವರೆ ಇಂಚು ಅಲಗಿನದು. ಕೈಯಲ್ಲಿ ಹಿಡಿದರೆ ಬಲು ಚೆಂದ. ಜೇಬಿನಲ್ಲಿಟ್ಟರೆ ಕೂರಲು ಆಗುತ್ತಿರಲಿಲ್ಲ. ಈಗ ಅದು ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದೆ.

ಎರಡೂವರೆ ಇಂಚು ಸಾಕಾ ಅನ್ನುವವರಿಗೆ ಒಂದು ಲೆಕ್ಕ. ಡ್ರಿಪ್ಪಿನ ಕರಿ ಪೈಪ್ 16 ಮಿಲಿಮೀಟರ್. ಸುತಲಿ, ನೈಲಾನ್ ಹಗ್ಗ ಅದಕ್ಕಿಂತ ಸಣ್ಣ. ಸೀಬೆಹಣ್ಣನ್ನು ಸುತ್ತಲೂ ಕೊಯ್ದರೆ ಎರಡು ಹೋಳು. ದಿನದ ಕೆಲಸದಲ್ಲಿ ಇದಕ್ಕಿಂತ ದೊಡ್ಡದು ಬರುವುದೇ ಅಪರೂಪ. ಸ್ವೀಡನ್ನಿನ ಮೋರಾ ಊರಿನ ಹೆಸರಾಂತ ಚಾಕು ಕಂಪನಿಯವರು ಜೇಬಿಗೆಂದೇ ಮಾಡುವ ಎಲ್ಡ್ರಿಸ್ ಎಂಬ ಚಾಕುವಿನ ಅಲಗು ಕೂಡ ಸುಮಾರು 6 ಸೆಂಟಿಮೀಟರ್, ದಪ್ಪ ಬರೀ 2 ಮಿಲಿಮೀಟರ್. ಮರ ಕೆತ್ತುವವರೂ ಅದನ್ನು ಬಳಸುತ್ತಾರೆ.

ಒರೆಯ ಪರೀಕ್ಷೆ

ಎರಡನೆಯ ಚಾಕು ಜಾತ್ರೆಯೊಂದರ ಅಂಗಡಿಯಲ್ಲಿ ಸಿಕ್ಕಿದ್ದು. ಅಲಗು ಒಳ್ಳೆಯದೇ. ಒರೆ ತೆಳು ಚರ್ಮದ್ದು, ಮೇಲೆ ಒಂದು ಗುಂಡಿ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಚರ್ಮ ಮೆತ್ತಗಾಯಿತು, ಗುಂಡಿ ಸಡಿಲಾಯಿತು. ಒಂದು ದಿನ ಗುಂಡಿಬಿದ್ದ ರಸ್ತೆಯಲ್ಲಿ ಬೈಕ್ ಎಗರಿದ ಹೊತ್ತಿಗೆ ಚಾಕು ಒರೆಯಿಂದ ಜಾರಿ, ಜೇಬಿನ ತಳ ಸೀಳಿ, ತೊಡೆಗೆ ಗೀರಿತು. ದೊಡ್ಡ ಗಾಯವೇನಲ್ಲ. ಆದರೆ ಮನೆಯವಳ ಮುಂದೆ ಹರಿದ ಪ್ಯಾಂಟಿಗೆ ಕಾರಣ ಹೇಳುವುದು ಗಾಯಕ್ಕಿಂತ ಕಷ್ಟವಾಯಿತು.

ಅಂದಿನಿಂದ ಒರೆಗೆ ಮೂರು ಪರೀಕ್ಷೆ. ಚಾಕುವನ್ನು ಒರೆಗೆ ಹಾಕಿ, ತಲೆಕೆಳಗೆ ಹಿಡಿದು, ಹತ್ತು ಸಲ ಜೋರಾಗಿ ಅಲ್ಲಾಡಿಸಿ. ಕೆಳಗೆ ಕಾಲು ಇರಬಾರದು, ಮರಳೋ ಹಾಸಿಗೆಯೋ ಇರಲಿ. ಜಾರಿದರೆ ಆ ಒರೆ ಬೇಡ. ಎರಡನೆಯದು, ಹೆಬ್ಬೆರಳನ್ನು ಒರೆಯ ಅಂಚಿಗೆ ಒತ್ತಿ ತಳ್ಳಿದರೆ ಒಂದೇ ಕೈಯಲ್ಲಿ ಚಾಕು ಬಿಡಿಸಿಕೊಳ್ಳಬೇಕು. ಇನ್ನೊಂದು ಕೈಯಲ್ಲಿ ಪೈಪೋ ಹಗ್ಗವೋ ಇರುತ್ತದೆ ಅಲ್ವಾ? ಮೂರನೆಯದು, ಒರೆಯ ತುದಿಯಲ್ಲಿ ಸಣ್ಣ ತೂತು ಇದೆಯಾ ನೋಡಿ. ಒಳಗೆ ಹೋದ ನೀರು ಹೊರಬರಲು ಅದೊಂದೇ ದಾರಿ.

ಚರ್ಮ ನೋಡಲು ಚೆಂದ, ಸದ್ದು ಮಾಡುವುದಿಲ್ಲ. ಆದರೆ ಬೆವರು ಕುಡಿಯುತ್ತದೆ, ಕುಡಿದದ್ದನ್ನು ಅಲಗಿಗೆ ಅಂಟಿಸುತ್ತದೆ. ಮನೆಯಲ್ಲಿ ತಿಂಗಳುಗಟ್ಟಲೆ ಎತ್ತಿಡುವಾಗ ಚಾಕುವನ್ನು ಚರ್ಮದ ಒರೆಯಿಂದ ಹೊರಗೇ ಇಡಿ. ಕೈಡೆಕ್ಸ್ ಎಂಬ ಗಟ್ಟಿ ಪ್ಲಾಸ್ಟಿಕ್ಕನ್ನು ಬಿಸಿ ಮಾಡಿ ಅಲಗಿನ ಆಕಾರಕ್ಕೆ ಒತ್ತಿ ಮಾಡುವ ಒರೆಗಳು ಈಗ ಜಾಸ್ತಿ. ಚಾಕು ಹಾಕಿದಾಗ ಟಕ್ ಅಂತ ಕೂರುತ್ತದೆ. ಬೈಕಿನವರಿಗೆ ನನ್ನ ಓಟು ಇದಕ್ಕೇ.

ಕೈಡೆಕ್ಸ್ ಸಿಗದಿದ್ದರೆ ತೋಟದ ಮೂಲೆಯಲ್ಲಿ ಬಿದ್ದಿರುವ ಪಿವಿಸಿ ಪೈಪಿನ ತುಂಡು ಸಾಕು. ನಾನು ಈಗ ಬಳಸುವ ಒರೆ ಅದರದ್ದೇ. ಪೈಪನ್ನು ಉದ್ದಕ್ಕೆ ಸೀಳಿ, ಕುದಿಯುವ ನೀರಿನಲ್ಲಿ ಮುಳುಗಿಸಿದರೆ ರಬ್ಬರಿನಂತೆ ಬಳುಕುತ್ತದೆ. ಎರಡು ಹಲಗೆಗಳ ನಡುವೆ ಒತ್ತಿ ಚಪ್ಪಟೆ ಮಾಡಿ, ಮತ್ತೆ ಬಿಸಿ ಮಾಡಿ ಚಾಕುವಿನ ಮೇಲೆ ಮಡಚಿ, ಆರುವವರೆಗೆ ಒತ್ತಿ ಹಿಡಿಯಬೇಕು. ಚಾಕುವಿನ ಅಲಗಿಗೆ ಮೊದಲೇ ಎರಡು ಸುತ್ತು ಟೇಪ್ ಸುತ್ತಿರಿ. ಕೈಗೆ ದಪ್ಪ ಕೈಗವಸು ಬೇಕು. ಬೆಂಕಿಗೆ ನೇರವಾಗಿ ಮಾತ್ರ ಹಿಡಿಯಬೇಡಿ. ಪಿವಿಸಿ ಸುಟ್ಟ ಹೊಗೆ ವಿಷ. ಕೊನೆಗೆ ಅಂಚಿನಲ್ಲಿ ತೂತು ಕೊರೆದು ರಿವೆಟ್ ಹೊಡೆದರೆ ಆಯಿತು.

ಅಲಗು, ಮೊನೆ, ಹಿಡಿ

ಚೀಲ, ಡಬ್ಬಿ ಬಿಚ್ಚುವ ಕೆಲಸವೇ ಹೆಚ್ಚಾದರೆ ಬಾಯಿ, ಅಂದರೆ ಹರಿತದ ಅಂಚು, ನೇರವಾಗಿದ್ದು, ಬೆನ್ನು ತುದಿಯಲ್ಲಿ ಕೆಳಗೆ ಬಾಗಿರುವ ಅಲಗು ಒಳ್ಳೆಯದು. ಮೊನೆ ಒಳಗಿನ ಸಾಮಾನಿಗೆ ಚುಚ್ಚುವುದಿಲ್ಲ. ಡ್ರಿಪ್ ಪೈಪಿಗೂ ನೇರ ಬಾಯಿಯೇ ಸರಿ. ಓರೆಯಾಗಿ ಕತ್ತರಿಸಿದರೆ ಜಾಯಿನರ್ ಸರಿಯಾಗಿ ಕೂರದೆ ನೀರು ಸೋರುತ್ತದೆ. ಹಣ್ಣು, ಅಡುಗೆ ಅಂದರೆ ಬಾಯಿ ಸ್ವಲ್ಪ ಹೊಟ್ಟೆಯಂತೆ ಬಾಗಿದ್ದು ಇರಲಿ. ಬೆನ್ನಿನ ದಪ್ಪ 3 ಮಿಲಿಮೀಟರ್ ದಾಟಬಾರದು. ದಪ್ಪ ಚಾಕು ಗಟ್ಟಿ ಅನ್ನಿಸಬಹುದು, ಆದರೆ ಸೌತೆಕಾಯಿಯನ್ನು ಅದು ಕೊಯ್ಯುವುದಿಲ್ಲ, ಸೀಳುತ್ತದೆ.

ಹಿಡಿ ಹಿಡಿದಾಗ ಕನಿಷ್ಠ ಮೂರು ಬೆರಳು ಪೂರ್ತಿ ಕೂರಬೇಕು. ತೋರುಬೆರಳು ಅಲಗಿನ ಕಡೆ ಜಾರದಂತೆ ಒಂದು ತಗ್ಗು ಬೇಕೇ ಬೇಕು. ಅಂಗೈ ಒದ್ದೆ ಮಾಡಿಕೊಂಡು ಹಿಡಿದು ನೋಡಿ, ನಿಜ ಗೊತ್ತಾಗುತ್ತದೆ. ಅಲಗಿನ ಉಕ್ಕು ಹಿಡಿಯ ಕೊನೆಯವರೆಗೂ ಹೋಗಿದ್ದರೆ ಬಾಳಿಕೆ ಜಾಸ್ತಿ.

ಉಕ್ಕಿನ ವಿಷಯ

ಇಲ್ಲಿ ಅಂಗಡಿಯವರೂ ಗಿರಾಕಿಗಳೂ ಸೇರಿ ಮಾಡುವ ಒಂದು ತಪ್ಪಿದೆ. ಅಯಸ್ಕಾಂತ ಅಂಟಿದರೆ ಅದು ಸ್ಟೀಲ್ ಅಲ್ಲ, ಬರೀ ಕಬ್ಬಿಣ ಅನ್ನುತ್ತಾರೆ. ತಟ್ಟೆ ಲೋಟಕ್ಕೆ ಆ ಮಾತು ಅಷ್ಟಿಷ್ಟು ನಡೆಯಬಹುದು. ಚಾಕುವಿಗೆ ನಡೆಯುವುದಿಲ್ಲ. ಕಾಯಿಸಿ ತಣಿಸಿದಾಗ ಹದ ಹಿಡಿದು ಗಟ್ಟಿಯಾಗುವ ಸ್ಟೇನ್‌ಲೆಸ್ ಉಕ್ಕಿಗೆ ಅಯಸ್ಕಾಂತ ಅಂಟಿಯೇ ಅಂಟುತ್ತದೆ. ಅಂಟದ ಉಕ್ಕಿನ ಚಾಕುವನ್ನೇ ಅನುಮಾನದಿಂದ ನೋಡಬೇಕು. ಅದು ತಟ್ಟೆಯ ತಗಡು. ನಾಲ್ಕು ದಿನದಲ್ಲಿ ಮೊಂಡಾಗುತ್ತದೆ.

ಸ್ಟೇನ್‌ಲೆಸ್ಸಾ, ಕಾರ್ಬನ್ ಉಕ್ಕಾ? ಕಾರ್ಬನ್ ಉಕ್ಕು ಬೇಗ ಹರಿತವಾಗುತ್ತದೆ, ಬೇಗ ತುಕ್ಕೂ ಹಿಡಿಯುತ್ತದೆ. ನಮ್ಮದು ಒಣ ಸೀಮೆ, ಕರಾವಳಿಯಷ್ಟು ತೇವ ಇಲ್ಲ ನಿಜ. ಆದರೆ ಜೇಬಿನ ಬೆವರಿಗೆ ಸೀಮೆ ಯಾವುದಾದರೇನು! ಮಾವು, ಹಸಿ ಅಡಿಕೆ ಕೊಯ್ದರೆ ಕಾರ್ಬನ್ ಅಲಗು ಕಪ್ಪಾಗುತ್ತದೆ. ಅಡಿಕೆಯ ಚೊಗರು ಕಬ್ಬಿಣಕ್ಕೆ ತಾಗಿದಾಗ ಬರುವ ಬಣ್ಣ ಅದು. ಹಿಂದೆ ಅಳಲೆಕಾಯಿ ಮತ್ತು ಕಬ್ಬಿಣ ಸೇರಿಸಿ ಶಾಯಿ ಮಾಡುತ್ತಿದ್ದದ್ದು ಇದೇ ಗುಣದಿಂದ. ಆ ಕಪ್ಪಿನಿಂದ ಚಾಕುವಿಗೆ ಕೇಡಿಲ್ಲ. ಕೆಂಪು ತುಕ್ಕು ಕಂಡರೆ ಮಾತ್ರ ಉಜ್ಜಿ ತೆಗೆಯಿರಿ. ಸಂಜೆ ಒರೆಸಿ ಒಂದು ಹನಿ ಕೊಬ್ಬರಿ ಎಣ್ಣೆ ಸವರುವ ಅಭ್ಯಾಸ ಇಲ್ಲದವರು ಸ್ಟೇನ್‌ಲೆಸ್ ತಗೊಳ್ಳಿ. ನಾನು ಕಾರ್ಬನ್‌ನವನು, ಅದಕ್ಕೆ ಕಾರಣ ಒಂದು ಕುಲುಮೆ.

ನನ್ನ ಮೂರನೆಯ ಚಾಕು ಅಂಗಡಿಯದಲ್ಲ. ತೋಟದ ಹಾದಿಯಲ್ಲಿರುವ ಕುಲುಮೆಗೆ ಆ ರಟ್ಟಿನ ಚಾಕು ತಗೊಂಡು ಹೋದೆ. ಯಜಮಾನರು ಅದನ್ನು ತಿರುಗಿಸಿ ನೋಡಿ, ‘ಇಷ್ಟು ಸಣ್ಣದಾ? ಮಗೂಗಾ ಸಾರ್?’ ಅಂದರು. ‘ಜೇಬಿಗೆ ಯಜಮಾನ್ರೆ’ ಅಂದೆ. ‘ಹಂಗಾದ್ರೆ ಲಾರಿ ಪಟ್ಟಿ ಒಂದು ತುಂಡು ತರ್ರಿ. ಆದ್ರೆ ಅಮಾಸಿ ದಿನ ಬರಬ್ಯಾಡ್ರಿ, ಬೆಂಕಿ ಹಾಕಲ್ಲ’ ಅಂದರು.

ಲಾರಿಯ ಸ್ಪ್ರಿಂಗ್ ಪಟ್ಟಿ ಚಾಕುವಿಗೆ ಒಳ್ಳೆಯ ಉಕ್ಕು. ಹಾಗೆ ಮಾಡಿಸುವವರು ಮೂರು ಮಾತು ಮುಂಚೆಯೇ ಹೇಳಿ. ಬಡಿದು ಬಡಿದು 3 ಮಿಲಿಮೀಟರಿಗೆ ಇಳಿಸಬೇಕು. ಹದ ಹಾಕುವಾಗ ನೀರಿಗೆ ಬದಲು ಎಣ್ಣೆಯಲ್ಲಿ ಅದ್ದಬೇಕು, ನೀರಿನಲ್ಲಿ ಈ ಉಕ್ಕು ಬಿರುಕು ಬಿಡಬಹುದು. ಅದ್ದಿದ ಮೇಲೆ ಮತ್ತೆ ಹಗುರವಾಗಿ ಬಿಸಿ ಮಾಡಿ ಹದ ಇಳಿಸಬೇಕು. ಇಲ್ಲದಿದ್ದರೆ ಗಾಜಿನಂತೆ ಒಡೆಯುತ್ತದೆ. ತಂದ ಮೇಲೆ ಒಂದು ವಾರ ಬಳಸಿ ಬಾಯಿ ನೋಡಿ. ಬಾಯಿ ಮಡಚಿಕೊಂಡಿದ್ದರೆ ಹದ ಸಾಲದು, ಹಲ್ಲು ಬಿದ್ದಿದ್ದರೆ ಹದ ಜಾಸ್ತಿ. ಎರಡಕ್ಕೂ ಮತ್ತೆ ಕುಲುಮೆಗೇ ಹೋಗಬೇಕು. ಯಜಮಾನರು ಬೇಜಾರು ಮಾಡಿಕೊಳ್ಳಲಿಲ್ಲ. ನಾನು ಎರಡು ಸಲ ಹೋಗಿದ್ದೆ.

ಸಾಣೆಯ ಬಗ್ಗೆ ಎರಡೇ ಮಾತು. ಕಲ್ಲಿನ ಮೇಲೆ ಚಾಕು ನೆಟ್ಟಗೆ ನಿಲ್ಲಿಸಿ, ಅರ್ಧ ಮಲಗಿಸಿ, ಮತ್ತೆ ಅದರ ಅರ್ಧ ಮಲಗಿಸಿ. ಅದೇ ಓರೆಯಲ್ಲಿ ಎರಡೂ ಕಡೆ ಸಮ ಮಸೆಯಿರಿ. ಬೀದಿಗೆ ಬರುವ ಚಕ್ರದ ಸಾಣೆಗೆ ಕೊಟ್ಟರೆ ಪಕ್ಕದಲ್ಲೇ ನಿಂತು, ನೀರಿಗೆ ಅದ್ದಿ ಅದ್ದಿ ಹಿಡಿಯಲು ಹೇಳಿ. ಬಾಯಿ ನೀಲಿ ಬಣ್ಣಕ್ಕೆ ತಿರುಗಿತೋ, ಅಲ್ಲಿಯ ಹದ ಹೋಯಿತು ಅಂತಲೇ ಲೆಕ್ಕ.

ಇನ್ನು ಕಾನೂನು. 1959ರ ಶಸ್ತ್ರಾಸ್ತ್ರ ಕಾಯ್ದೆಯಡಿಯ ನಿಯಮಗಳು ಆಯುಧದ ಪಟ್ಟಿಯಲ್ಲಿ ಹೇಳುವುದು 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗುಗಳನ್ನು. ಮನೆ, ಹೊಲದ ಕೆಲಸಕ್ಕೆಂದೇ ಮಾಡಿದವಕ್ಕೆ ಅಲ್ಲಿ ವಿನಾಯಿತಿ ಇದೆ. ನಮ್ಮ ಎರಡೂವರೆ ಇಂಚು ಅದರ ಹತ್ತಿರವೂ ಬರುವುದಿಲ್ಲ. ಆದರೆ ಎರಡೂ ಕಡೆ ಬಾಯಿರುವುದನ್ನು ಕೊಳ್ಳಬೇಡಿ. ಅದು ಕೆಲಸದ ಚಾಕುವಲ್ಲ, ಕಠಾರಿ. ಜಗಳಕ್ಕೆ ಬೇಕಾಗಬಹುದು ಅಂತ ಚಾಕು ಇಟ್ಟುಕೊಳ್ಳುವವರಿಗೆ ಈ ಲೇಖನ ಬರೆದಿಲ್ಲ. ಊರಿನಲ್ಲಿ ನಿಷೇಧಾಜ್ಞೆ ಇದ್ದಾಗ ಚಾಕು ಮನೆಯಲ್ಲೇ ಇರಲಿ. ಹಿಂದೆ 144 ಅನ್ನುತ್ತಿದ್ದೆವಲ್ಲ, ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು 163ನೇ ಸೆಕ್ಷನ್. ಕೋರ್ಟಿಗೆ ಹೋಗುವ ದಿನವೂ ಅಷ್ಟೇ. ಬೆಂಗಳೂರಿಗೆ ಹೋಗಿ ವಿಮಾನ ಹತ್ತುವವರು ದಾವಣಗೆರೆಯಲ್ಲಿ ರೈಲು ಹತ್ತುವ ಮುಂಚೆಯೇ ಜೇಬು ಮುಟ್ಟಿ ನೋಡಿಕೊಳ್ಳಿ. ಕೈಚೀಲದಲ್ಲಿ ಬಿಡುವುದಿಲ್ಲ.

ಚಾಕು ಜೇಬಿನಲ್ಲಿದೆ ಅಂತ ಗೊತ್ತಾದರೆ ಎಲ್ಲರೂ ಕೇಳುತ್ತಾರೆ, ‘ಅಣ್ಣಾ, ಸ್ವಲ್ಪ ಕೊಡು’ ಅಂತ. ನಮ್ಮ ಅಜ್ಜಿ ಚಾಕು, ಕುಡುಗೋಲನ್ನು ಕೈಯಿಂದ ಕೈಗೆ ಕೊಡಲು ಬಿಡುತ್ತಿರಲಿಲ್ಲ, ಜಗಳ ಆಗುತ್ತದೆ ಅಂತ. ಕೆಳಗಿಡಬೇಕು, ಅವರು ಎತ್ತಿಕೊಳ್ಳಬೇಕು. ನಾನೂ ಒರೆಗೆ ಹಾಕಿಯೇ ಚೀಲದ ಮೇಲೆ ಇಡುತ್ತೇನೆ. ವಾಪಸ್ ಇಡುವಾಗ ಒರೆ ಸಮೇತ ಇಡುವವರು ಮಾತ್ರ ಕಡಿಮೆ.