ಬಾಡಿ ಕೆಲಸದ ರೀಕಾಲ್: ಪತ್ರ ಬಂದ ದಿನದಿಂದ ಕಾರು ವಾಪಸ್ ಬರುವ ತನಕ

ತಯಾರಿಕೆಯ ದೋಷ ಸರಿಮಾಡಲು ಕಂಪನಿಯೇ ಕಾರನ್ನು ವಾಪಸ್ ಕರೆಯುವುದು ರೀಕಾಲ್. ಅದು ಹೆಚ್ಚಿನ ಸಲ ಅರ್ಧ ದಿನದ ಮಾತು. ಸಾಫ್ಟ್‌ವೇರ್ ಹಾಕುತ್ತಾರೆ, ಇಲ್ಲವೇ ಏರ್‌ಬ್ಯಾಗ್ ಉಬ್ಬಿಸುವ ಇನ್‌ಫ್ಲೇಟರ್ ಬದಲಿಸುತ್ತಾರೆ, ಸಂಜೆಗೆ ಕಾರು ಮನೆಯಲ್ಲಿರುತ್ತದೆ. ಬಾಡಿ ಕೆಲಸದ ರೀಕಾಲ್ ಈ ಸಾಲಿಗೆ ಸೇರುವುದಿಲ್ಲ. ಸೀಟು, ಕಾರ್ಪೆಟ್, ಗಾಜು ಕಳಚಿ, ಫ್ಯಾಕ್ಟರಿಯಲ್ಲಿ ರೋಬೋಟ್ ಹಾಕಿದ ಬೆಸುಗೆಯನ್ನು ಕೊರೆದು ತೆಗೆದು, ಕೈಯಲ್ಲಿ ಮತ್ತೆ ಬೆಸೆಯಬೇಕು, ಆಮೇಲೆ ಬಣ್ಣ. ವಾರಗಟ್ಟಲೆ ಹಿಡಿಯುತ್ತದೆ. ಇಷ್ಟೆಲ್ಲದರಲ್ಲಿ ಬೆಸುಗೆಯೇ ಬಿಟ್ಟುಹೋಗುವುದು ಅಪರೂಪ. ಕೆಡುವುದು ಬೆಸುಗೆಯ ಹಿಂಬದಿ. ಬಿಸಿಗೆ ಅಲ್ಲಿನ ಲೇಪನ ಸುಟ್ಟಿರುತ್ತದೆ. ಅದನ್ನು ಸರಿಮಾಡದೆ ಪ್ಯಾನೆಲ್ ಮುಚ್ಚಿಬಿಟ್ಟರೆ ತುಕ್ಕು ಒಳಗಿನಿಂದ ಹುಟ್ಟಿ, ಹೊರಗೆ ಕಾಣುವಷ್ಟರಲ್ಲಿ ಕೈಮೀರಿರುತ್ತದೆ. ಹಾಗಾಗಿ ಪ್ಯಾನೆಲ್ ಮುಚ್ಚುವ ಮುಂಚೆ ಒಳಗೆ ಏನೇನಾಯಿತು ಎಂಬುದಕ್ಕೆ ದಾಖಲೆ ಮಾಡಿಸಿಕೊಳ್ಳುವುದೇ ಮಾಲೀಕರು ಮಾಡಬೇಕಾದ ಮುಖ್ಯ ಕೆಲಸ.

ಪತ್ರವನ್ನು ಓದುವ ಬಗೆ

ಮೊದಲು ಚಾಸಿ ನಂಬರ್ ತಾಳೆ ನೋಡಿ. ಅದು 17 ಅಕ್ಷರ-ಅಂಕಿಗಳ ಸಾಲು. ಒಂದು ಮತ್ತು ಸೊನ್ನೆಯ ಜೊತೆ ಗೊಂದಲವಾಗದಿರಲೆಂದು ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರಗಳನ್ನು ಅದರಲ್ಲಿ ಬಳಸುವುದಿಲ್ಲ. ಫೋನಿನಲ್ಲಿ ಹೇಳುವಾಗ ‘ಓ’ ಎಂದಿರಾದರೆ ಅಲ್ಲೇ ತಪ್ಪಿದಿರಿ, ಅದು ಸೊನ್ನೆ. ರೀಕಾಲ್ ಹೋಗುವುದು ಮಾಡೆಲ್ ಹೆಸರಿನ ಮೇಲಲ್ಲ, ಈ ನಂಬರಿನ ಮೇಲೆ. ಒಂದೇ ತಿಂಗಳಲ್ಲಿ ತಯಾರಾದ ಎರಡು ಕಾರುಗಳಲ್ಲಿ ಒಂದು ಪಟ್ಟಿಯಲ್ಲಿದ್ದು ಇನ್ನೊಂದು ಇಲ್ಲದಿರಬಹುದು.

ನಂತರ ಮೂರು ಸಂಗತಿಗಳನ್ನು ಹುಡುಕಿ. ಇದು ಸುರಕ್ಷತೆಯ ರೀಕಾಲೋ, ಕಂಪನಿ ತಾನಾಗಿ ಕೊಡುತ್ತಿರುವ ಸೌಲಭ್ಯವೋ? ಎರಡನೆಯದಕ್ಕೆ ಸಾಮಾನ್ಯವಾಗಿ ವರ್ಷದ ಮಿತಿ ಇರುತ್ತದೆ, ದಿನ ದಾಟಿದರೆ ಖರ್ಚು ನಿಮ್ಮ ತಲೆಗೆ. ಕಾರು ಓಡಿಸಬಹುದೋ, ಓಡಿಸಕೂಡದೋ? ಓಡಿಸಬೇಡಿ ಎಂದಿದ್ದರೆ ಡೀಲರ್‌ವರೆಗೂ ನೀವೇ ಓಡಿಸಿಕೊಂಡು ಹೋಗಬೇಡಿ, ಲಾರಿ ಮೇಲೆ ಏರಿಸಿ ಒಯ್ಯುವ ವ್ಯವಸ್ಥೆ ಕೇಳಿ. ಮೂರನೆಯದು, ಈಗ ಆಗುವುದು ಬರೀ ತಪಾಸಣೆಯೋ, ದುರಸ್ತಿಯೋ? ತುಕ್ಕಿನ ರೀಕಾಲ್‌ಗಳಲ್ಲಿ ಸಾಮಾನ್ಯವಾಗಿ ಮೊದಲು ತಪಾಸಣೆ. ಅದರಲ್ಲಿ ‘ಸರಿಯಿದೆ’ ಎಂದು ಬಂದರೆ ಲೇಪನ ಬಳಿದು ಫೈಲ್ ಮುಚ್ಚುತ್ತಾರೆ. ಹಾಗೆ ಮುಚ್ಚಿದರೆ ಹೇಗೆ ಪರೀಕ್ಷಿಸಿದರು, ಸುತ್ತಿಗೆಯಿಂದ ತಟ್ಟಿಯೋ, ದಪ್ಪ ಅಳೆದೋ, ಕ್ಯಾಮೆರಾ ತೂರಿಸಿಯೋ ಎಂಬುದನ್ನು ಜಾಬ್ ಕಾರ್ಡ್‌ನಲ್ಲಿ (ಡೀಲರ್ ಕೆಲಸದ ವಿವರ ಬರೆಯುವ ಚೀಟಿ) ಬರೆಸಿಕೊಳ್ಳಿ.

‘ಬಿಡಿಭಾಗ ಇನ್ನೂ ಬಂದಿಲ್ಲ’ ಎಂಬ ಉತ್ತರಕ್ಕೂ ತಯಾರಿರಿ. ಬ್ರೇಕ್ ಪೈಪಿನಂತೆ ಬಾಡಿ ಪ್ಯಾನೆಲ್‌ಗಳು ಗೋದಾಮಿನಲ್ಲಿ ರಾಶಿ ಬಿದ್ದಿರುವುದಿಲ್ಲ. ಆದರೂ ಹೆಸರು ನೋಂದಾಯಿಸಿ, ತಾರೀಖಿನ ಸಮೇತ ಇಮೇಲ್‌ನಲ್ಲಿ ಉತ್ತರ ತರಿಸಿಕೊಳ್ಳಿ.

ದುರಸ್ತಿಯೇ ಆಗದಿದ್ದರೆ

ಬಾಡಿ ದೋಷಕ್ಕೆ ಯಾವಾಗಲೂ ದುರಸ್ತಿಯೇ ಮದ್ದು ಎಂದೇನಿಲ್ಲ. 2018ರಲ್ಲಿ ಸುಬಾರು ತನ್ನ 2019ರ ಮಾಡೆಲ್ ಅಸೆಂಟ್‌ನ 293 ಕಾರುಗಳನ್ನು ಹಿಂದಕ್ಕೆ ಕರೆಯಿತು. ರೋಬೋಟ್‌ನ ಪ್ರೋಗ್ರಾಂ ತಪ್ಪಿ, ಮುಂದಿನ-ಹಿಂದಿನ ಬಾಗಿಲುಗಳ ನಡುವಿನ ಕಂಬದ ಬಳಿ ಕೆಲವು ಸ್ಪಾಟ್ ವೆಲ್ಡ್‌ಗಳೇ (ತಗಡುಗಳನ್ನು ಚುಕ್ಕೆಚುಕ್ಕೆಯಾಗಿ ಸೇರಿಸುವ ಬೆಸುಗೆ) ಬಿದ್ದಿರಲಿಲ್ಲ. ಆ ಜಾಗಕ್ಕೆ ಆಮೇಲೆ ಬೆಸುಗೆ ಹಾಕಲು ಬರುವುದಿಲ್ಲವೆಂದು ಕಂಪನಿ ಬದಲಿಗೆ ಹೊಸ ಕಾರನ್ನೇ ಕೊಡಲು ಒಪ್ಪಿತು. ಅಮೆರಿಕದಲ್ಲಿ ಟೊಯೋಟಾ 1995ರಿಂದ 2000ರವರೆಗಿನ ಟಕೋಮಾ ಪಿಕಪ್‌ಗಳ ಫ್ರೇಮ್ (ಗಾಡಿಯ ಅಡಿಯ ಚೌಕಟ್ಟು) ತುಕ್ಕಿಗೆ 2008ರಲ್ಲಿ 15 ವರ್ಷದ ವಾರಂಟಿ ಘೋಷಿಸಿ, ಫ್ರೇಮ್ ತೂತುಬಿದ್ದಿದ್ದ ಗಾಡಿಗಳನ್ನು ತಾನೇ ವಾಪಸ್ ಕೊಂಡುಕೊಂಡಿತು.

ಇದರಿಂದ ನಿಮಗೆ ತಿಳಿಯಬೇಕಾದದ್ದು ಇಷ್ಟು: ಮುಖ್ಯ ಕಂಬ, ಸಿಲ್ (ಬಾಗಿಲುಗಳ ಕೆಳಗಿನ ಉದ್ದನೆಯ ಭಾಗ), ಫ್ರೇಮ್ ಇವುಗಳಲ್ಲಿ ದೋಷವಿದ್ದರೆ ‘ಇದಕ್ಕೆ ಕಂಪನಿಯ ಲಿಖಿತ ದುರಸ್ತಿ ವಿಧಾನ ಇದೆಯೇ?’ ಎಂದೇ ಮೊದಲು ಕೇಳಿ. ಇದೆ ಎಂದರೆ ಅದರ ದಾಖಲೆ ಸಂಖ್ಯೆ ಬರೆದುಕೊಳ್ಳಿ. ಇಲ್ಲ ಎಂದರೆ ಡೀಲರ್ ಕೌಂಟರ್‌ನಲ್ಲಿ ವಾದ ಮಾಡಿ ಉಪಯೋಗವಿಲ್ಲ; ಬದಲಿ ಕಾರು ಅಥವಾ ವಾಪಸ್ ಖರೀದಿಯ ತೀರ್ಮಾನ ಕಂಪನಿಯದು, ಅಲ್ಲಿಗೇ ಬರೆಯಿರಿ.

ಕಾರು ಬಿಡುವ ಮುನ್ನ

ಸುತ್ತಲೂ ಫೋಟೋ ತೆಗೆಯಿರಿ, ಹಗಲು ಬೆಳಕಿನಲ್ಲಿ, ಪ್ರತಿ ಪ್ಯಾನೆಲ್‌ನದು ಬೇರೆಬೇರೆ. ಮೀಟರ್ ಓದು, ಇಂಧನದ ಮಟ್ಟ, ಡಿಕ್ಕಿಯ ಸ್ಟೆಪ್ನಿ, ಜಾಕ್, ಮೇಲ್ಛಾವಣಿಯ ಬಟ್ಟೆ, ಕಂಬಗಳ ಪ್ಲಾಸ್ಟಿಕ್ ಹೊದಿಕೆ, ಸೀಟು. ಕೊನೆಯ ಮೂರರ ಫೋಟೋ ಯಾರೂ ತೆಗೆಯುವುದಿಲ್ಲ, ಜಗಳವಾಗುವುದು ಅವಕ್ಕೇ: ಕಂಬದ ಹೊದಿಕೆ ಬಿಚ್ಚುವಾಗ ಕ್ಲಿಪ್ ಮುರಿಯುತ್ತದೆ, ವಾಪಸ್ ಬಂದ ಕಾರು ಕಿರಕಿರ ಎನ್ನುತ್ತದೆ.

ಹೊರಗೆ ಹಾಕಿಸಿದ್ದನ್ನೆಲ್ಲ ಮೊದಲೇ ಹೇಳಿ. ಕಾರ್ಪೆಟ್ ಅಡಿಯಲ್ಲಿ ಎಳೆದ ಆಂಪ್ಲಿಫೈಯರ್ ವೈರ್, ಡ್ಯಾಶ್ ಕ್ಯಾಮೆರಾ, ಪೇಂಟ್ ಪ್ರೊಟೆಕ್ಷನ್ ಫಿಲ್ಮ್, ಎಲ್ಲಕ್ಕಿಂತ ಮುಖ್ಯವಾಗಿ ಅಡಿಭಾಗಕ್ಕೆ ಬಳಿಸಿದ ಟಾರಿನಂಥ ಅಂಡರ್‌ಕೋಟಿಂಗ್. ವೆಲ್ಡಿಂಗ್ ಬಿಸಿಗೆ ಅದು ಹೊತ್ತಿಕೊಳ್ಳುತ್ತದೆ. ಬೆಸುಗೆಯ ಜಾಗದ ಸುತ್ತ ಅದನ್ನು ಪೂರ್ತಿ ಕೆರೆದು ತೆಗೆಯಬೇಕು. ಹಳೆಯ ಅಪಘಾತದ ದುರಸ್ತಿ ಆ ಜಾಗದಲ್ಲಿ ಆಗಿದ್ದರೆ ಅದನ್ನೂ ಮುಚ್ಚಿಡಬೇಡಿ. ಪ್ಯಾನೆಲ್ ಬಿಚ್ಚಿದ ಮೇಲೆ ಹೇಗೂ ಗೊತ್ತಾಗುತ್ತದೆ, ಆಗ ಕೆಲಸ ನಡುವೆಯೇ ನಿಲ್ಲುತ್ತದೆ.

ಡೀಲರ್‌ಗೆ ಕೇಳಬೇಕಾದವು: ಬಾಡಿ ಕೆಲಸ ಇಲ್ಲೇ ಆಗುತ್ತದೋ, ಹೊರಗಿನ ಬಾಡಿ ಶಾಪ್‌ಗೆ ಹೋಗುತ್ತದೋ? ಹೊರಗೆ ಹೋದರೆ ಕೆಲಸದ ವಾರಂಟಿ ಯಾರದು? ಬಾಡಿ ಅಳೆಯುವ ಬೆಂಚ್ ಅಲ್ಲಿದೆಯೇ? ಬದಲಿ ಕಾರು ಎಷ್ಟು ದಿನಕ್ಕೆ? ಕೊನೆಯ ಪ್ರಶ್ನೆಗೆ ‘ಕೆಲಸ ಮುಗಿಯುವವರೆಗೆ’ ಎಂದೇ ಬರೆಸಿ. ‘ಐದು ದಿನ’ ಎಂದು ಬರೆದಿದ್ದರೆ ಆರನೇ ದಿನದಿಂದ ನೀವು ನಡೆಯಬೇಕು.

ಶೆಡ್ಡಿನೊಳಗೆ ನಡೆಯಬೇಕಾದದ್ದು

ಸರಿಯಾದ ಕೆಲಸ ಹೇಗಿರುತ್ತದೆಂದು ಗೊತ್ತಿದ್ದರೆ ಪ್ರಶ್ನೆ ಕೇಳುವುದು ಸುಲಭ. ಮೊದಲು ಬ್ಯಾಟರಿ ಕನೆಕ್ಷನ್ ತೆಗೆದು, ಏರ್‌ಬ್ಯಾಗ್ ವ್ಯವಸ್ಥೆಯಲ್ಲಿ ಉಳಿದ ವಿದ್ಯುತ್ ಇಳಿಯಲು ಕಂಪನಿ ಹೇಳಿದಷ್ಟು ನಿಮಿಷ ಕಾಯಬೇಕು. ಎಲೆಕ್ಟ್ರಿಕ್ ಅಥವಾ ಹೈಬ್ರಿಡ್ ಕಾರಾದರೆ ಹೈ-ವೋಲ್ಟೇಜ್ ಸಂಪರ್ಕ ಕಡಿಯುವುದು ಬೇರೆಯೇ ವಿಧಿ, ಅದಕ್ಕೆ ತರಬೇತಿ ಪಡೆದವರೇ ಬೇಕು. ಆಮೇಲೆ ಬಾಡಿಯನ್ನು ಬೆಂಚ್‌ಗೆ ಕಟ್ಟಿ ಅಳತೆ. ಈ ಅಳತೆ ಬಿಚ್ಚುವ ಮುಂಚೆ ಒಮ್ಮೆ, ಬೆಸೆದ ಮೇಲೆ ಒಮ್ಮೆ ಆಗಬೇಕು. ಬಹಳ ಕಡೆ 3 ಮಿಲಿಮೀಟರ್ ವ್ಯತ್ಯಾಸದವರೆಗೆ ಒಪ್ಪುತ್ತಾರೆ. ಸಸ್ಪೆನ್ಷನ್ ಕೂರುವ ಜಾಗದಲ್ಲಿ ಕಂಪನಿ ಇನ್ನೂ ಬಿಗಿ ಹೇಳಿರಬಹುದು.

ಹಳೆಯ ಸ್ಪಾಟ್ ವೆಲ್ಡ್‌ಗಳನ್ನು 8 ಅಥವಾ 10 ಮಿಲಿಮೀಟರ್ ಕಟರ್‌ನಿಂದ ಕೊರೆಯುತ್ತಾರೆ, ಮೇಲಿನ ತಗಡು ಮಾತ್ರ ತೂತಾಗಬೇಕು, ಕೆಳಗಿನದು ಉಳಿಯಬೇಕು. ಅವಸರದ ಕೈ ಎರಡನ್ನೂ ತೂತು ಮಾಡುತ್ತದೆ. ಗ್ಯಾಸ್ ಕಟರ್ ಹಿಡಿದು ಬಂದರಂತೂ ಕೆಲಸ ಅಲ್ಲಿಗೇ ಕೆಟ್ಟಿತು: ಇಂದಿನ ಕಾರುಗಳ ಕಂಬಗಳಲ್ಲಿ ಸುಮಾರು 1500 ಮೆಗಾಪಾಸ್ಕಲ್ ಬಲದ ಬೋರಾನ್ ಸ್ಟೀಲ್ ಇರುತ್ತದೆ, ಕಾಯಿಸಿದರೆ ಆ ಬಲ ಹೋಗುತ್ತದೆ, ನೋಡಲು ಮಾತ್ರ ಮೊದಲಿನಂತೆಯೇ ಇರುತ್ತದೆ. ಅಂಥ ಭಾಗವನ್ನು ಬೇಕಾದಲ್ಲಿ ಕತ್ತರಿಸಿ ಜೋಡಿಸುವಂತಿಲ್ಲ. ಕಂಪನಿ ತೋರಿಸಿದ ಜಾಗದಲ್ಲಿ ಮಾತ್ರ, ಅದೂ ಎಷ್ಟೋ ಕಡೆ ಇಡೀ ತುಂಡನ್ನೇ ಬದಲಿಸಬೇಕು.

ಹೊಸ ಬೆಸುಗೆ ಹಾಕುವ ಮುನ್ನ ಅದೇ ದಪ್ಪದ ಎರಡು ತುಂಡು ತಗಡನ್ನು ಬೆಸೆದು, ಚಿಮ್ಮಟ ಹಾಕಿ ಸುಲಿದು ನೋಡಬೇಕು. ಬೆಸುಗೆ ಗಟ್ಟಿಯಿದ್ದರೆ ಒಂದು ತಗಡಿನಿಂದ ಅಂಗಿ ಗುಂಡಿಯಂಥ ಚೂರು ಕಿತ್ತುಕೊಂಡು ಬಂದು ಇನ್ನೊಂದಕ್ಕೆ ಅಂಟಿರುತ್ತದೆ. ನುಣ್ಣಗೆ ಬಿಟ್ಟುಕೊಂಡರೆ ಮೆಷಿನ್ ಸೆಟ್ಟಿಂಗ್ ತಪ್ಪು. ಈ ಸುಲಿದ ತುಂಡಿನ ಫೋಟೋ ಕೇಳಿದರೆ ಒಳ್ಳೆಯ ಶಾಪ್‌ನವರು ಖುಷಿಯಿಂದಲೇ ಕೊಡುತ್ತಾರೆ. ಬೆಸುಗೆಗಳ ಸಂಖ್ಯೆ, ನಡುವಿನ ಅಂತರ ಕಂಪನಿಯ ವಿಧಾನದಲ್ಲಿ ಬರೆದಿರುತ್ತದೆ. ಹೆಚ್ಚು ಹಾಕಿದರೆ ಗಟ್ಟಿ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಅಲ್ಯೂಮಿನಿಯಂ ಬಾಡಿಯಾದರೆ ಉಪಕರಣವೂ ಜಾಗವೂ ಬೇರೆ ಇರಬೇಕು. ಸ್ಟೀಲ್ ಉಜ್ಜಿದ ಅದೇ ಗ್ರೈಂಡರ್ ಡಿಸ್ಕ್ ಬಳಸಿದರೆ ಕಬ್ಬಿಣದ ಪುಡಿ ಅಲ್ಯೂಮಿನಿಯಂಗೆ ಹೊಕ್ಕು ಅಲ್ಲಿಂದಲೇ ಸವೆತ ಶುರು.

ಇನ್ನು ಮೊದಲು ಹೇಳಿದ ಹಿಂಬದಿ. ಎರಡು ತಗಡು ಸೇರುವಲ್ಲಿ ಬೆಸೆಯುವ ಮೊದಲೇ ಸತುವಿನ ಪ್ರೈಮರ್, ಬೆಸೆದ ಮೇಲೆ ಎಪಾಕ್ಸಿ ಪ್ರೈಮರ್, ಅಂಚಿಗೆ ಸಂದು ಮುಚ್ಚುವ ಸೀಮ್ ಸೀಲರ್, ಅದರ ಮೇಲೆ ಬಣ್ಣ. ಬಣ್ಣ ಒಣಗಿದ ಮೇಲೆ ಕಟ್ಟಕಡೆಗೆ ಪೆಟ್ಟಿಗೆಯಂಥ ಒಳಭಾಗಗಳಿಗೆ ಉದ್ದನೆಯ ನಳಿಕೆಯಿಂದ ತುಕ್ಕು ತಡೆಯುವ ಕ್ಯಾವಿಟಿ ವ್ಯಾಕ್ಸ್. ಈ ಕ್ರಮ ತಿರುವುಮುರುವು ಆದರೆ ಕೆಲಸ ಕೆಟ್ಟಂತೆ: ವ್ಯಾಕ್ಸ್ ಮೊದಲು ಹೊಡೆದರೆ ವೆಲ್ಡಿಂಗ್‌ನಲ್ಲಿ ಸುಡುತ್ತದೆ, ಬಣ್ಣದ ಬೂತ್‌ನ ಬಿಸಿಗೆ ಕರಗಿ ಸೋರುತ್ತದೆ. ವ್ಯಾಕ್ಸ್ ಹೊರಗೆ ಕಾಣದ ಕೆಲಸವಾದ್ದರಿಂದ ಬಿಟ್ಟುಬಿಡುವವರೇ ಹೆಚ್ಚು. ಆದ್ದರಿಂದ ಮೂರು ಹಂತದ ಫೋಟೋ ಬೇಕೆಂದು ಕಾರು ಬಿಡುವ ದಿನವೇ ಜಾಬ್ ಕಾರ್ಡ್‌ನಲ್ಲಿ ಬರೆಸಿ: ಹಳೆಯ ಭಾಗ ಬಿಚ್ಚಿದ ಮೇಲೆ, ಬೆಸುಗೆ ಮುಗಿದು ಪ್ರೈಮರ್ ಬಿದ್ದ ಮೇಲೆ, ಸೀಲರ್ ಹಾಕಿ ಬಣ್ಣದ ಮುನ್ನ. ವ್ಯಾಕ್ಸ್‌ಗೆ ಬಳಸಿದ ಸಾಮಾನಿನ ಹೆಸರು ಬಿಲ್ಲಿನ ಪಟ್ಟಿಯಲ್ಲಿ ಬರಲಿ. ಬಿಲ್ ಸೊನ್ನೆಯದಾದರೂ ಪಟ್ಟಿ ಇರುತ್ತದೆ.

ಬಣ್ಣದ ವಿಚಾರದಲ್ಲಿ ಒಂದೇ ಮಾತು. ಹಿಂದಿನ ಕ್ವಾರ್ಟರ್ ಪ್ಯಾನೆಲ್ (ಹಿಂಚಕ್ರದ ಮೇಲಿನ ಪಕ್ಕದ ತಗಡು) ಬದಲಿಸಿದರೆ ಪಕ್ಕದ ಬಾಗಿಲಿಗೂ ಬಣ್ಣವನ್ನು ತೆಳುವಾಗಿ ಹಾಯಿಸಬೇಕು, ಇಲ್ಲದಿದ್ದರೆ ಮೆಟಾಲಿಕ್ ಬಣ್ಣದಲ್ಲಿ ಗೆರೆ ಎಳೆದಂತೆ ವ್ಯತ್ಯಾಸ ಕಾಣುತ್ತದೆ. ‘ಚೆನ್ನಾಗಿರುವ ಬಾಗಿಲನ್ನು ಯಾಕೆ ಮುಟ್ಟಿದಿರಿ’ ಎಂದು ಜಗಳ ತೆಗೆಯಬೇಡಿ, ಅದು ಬೇಕಾದ ಕೆಲಸವೇ.

ವಾಪಸ್ ತೆಗೆದುಕೊಳ್ಳುವಾಗ

ಸಂಜೆ ಟ್ಯೂಬ್‌ಲೈಟ್ ಬೆಳಕಿನಲ್ಲಿ ಕಾರು ಒಪ್ಪಿಕೊಳ್ಳಬೇಡಿ. ಹಗಲು ಹೋಗಿ, ಕಾರು ತೊಳೆದು ಒಣಗಿಸಿರಲಿ.

ಮೊದಲು ಸಂದುಗಳು. ಬಾಗಿಲು ಮತ್ತು ಪಕ್ಕದ ಪ್ಯಾನೆಲ್ ನಡುವಿನ ಸಂದು ಎಡಕ್ಕೂ ಬಲಕ್ಕೂ ಒಂದೇ ಇದೆಯೇ, ಮೇಲಿನಿಂದ ಕೆಳಗೆ ಒಂದೇ ಅಗಲವಿದೆಯೇ? ಕಣ್ಣು ನಂಬದಿದ್ದರೆ ಪೋಸ್ಟ್‌ಕಾರ್ಡನ್ನು ಮಡಚಿ ಒಂದು ಕಡೆ ಬಿಗಿಯಾಗಿ ಕೂರುವಷ್ಟು ದಪ್ಪ ಮಾಡಿಕೊಳ್ಳಿ, ಅದನ್ನೇ ಇನ್ನೊಂದು ಕಡೆ ತೂರಿಸಿ. ಬಾಗಿಲನ್ನು ಎರಡು ಬೆರಳಿನಲ್ಲಿ ತಳ್ಳಿ ಮುಚ್ಚಿ. ಕೊನೆಯಲ್ಲಿ ಮೇಲಕ್ಕೆ ಎತ್ತಿದಂತೆ ಆದರೆ ಕಂಬ ಅಥವಾ ಹಿಂಜ್ ಜಾಗ ತಪ್ಪಿದೆ.

ನಂತರ ಬಾಗಿಲ ಚೌಕಟ್ಟಿನ ರಬ್ಬರ್ ಬೀಡಿಂಗನ್ನು ಒಂದು ಗೇಣು ಎಳೆಯಿರಿ, ಸುಲಭವಾಗಿ ಬರುತ್ತದೆ. ಅಡಿಯಲ್ಲಿ ತಗಡಿನ ಅಂಚು ಕಾಣುತ್ತದೆ. ಫ್ಯಾಕ್ಟರಿಯ ಬೆಸುಗೆ ಅಲ್ಲಿ 5–6 ಮಿಲಿಮೀಟರಿನ ಪುಟ್ಟ ಗುಳಿಗಳ ಸಾಲಾಗಿರುತ್ತದೆ. ಸ್ಪಾಟ್ ವೆಲ್ಡರ್‌ನಿಂದ ಮಾಡಿದ ದುರಸ್ತಿಯೂ ಹಾಗೇ ಕಾಣುತ್ತದೆ, ಮಿಗ್‌ನಿಂದ (ತಂತಿ ಕರಗಿಸಿ ಬೆಸೆಯುವ ವಿಧಾನ) ತುಂಬಿದ ಬೆಸುಗೆಯಾದರೆ ಉಜ್ಜಿ ಸಮ ಮಾಡಿದ ಅಗಲ ವೃತ್ತ. ಎರಡೂ ಸರಿ, ಕಂಪನಿ ಒಪ್ಪಿದ ವಿಧಾನವಾದರೆ. ಬರಿ ಲೋಹ ಹೊಳೆಯುತ್ತಿದ್ದರೆ ಅಥವಾ ಕಪ್ಪಗೆ ಸುಟ್ಟ ಕಲೆಯ ಮೇಲೆಯೇ ಬಣ್ಣ ಬಿದ್ದಿದ್ದರೆ ಸರಿಯಲ್ಲ. ಬಗ್ಗಿ ಸಿಲ್‌ನ ತಳದಲ್ಲಿರುವ ನೀರು ಹೋಗುವ ತೂತುಗಳಿಗೆ ಕಡ್ಡಿ ಹಾಕಿ ನೋಡಿ. ಅವು ತೆರೆದಿರಬೇಕು, ಕಡ್ಡಿಯ ತುದಿಗೆ ಅಂಟಂಟು ವ್ಯಾಕ್ಸ್ ಹತ್ತಬೇಕು. ಹತ್ತದಿದ್ದರೆ ಒಳಗೆ ಹೊಡೆದೇ ಇಲ್ಲ. ತೂತೇ ಮುಚ್ಚಿದ್ದರೆ ನೀರು ಒಳಗೇ ನಿಲ್ಲುತ್ತದೆ, ಇದು ಇನ್ನೂ ಕೆಟ್ಟದ್ದು.

ಗಾಜು ತೆಗೆದು ಕೂರಿಸಿದ್ದರೆ ಪೈಪಿನಿಂದ ಹತ್ತು ನಿಮಿಷ ನೀರು ಬಿಟ್ಟು, ಕಾರ್ಪೆಟ್ ಅಡಿಗೆ ಕೈ ಹಾಕಿ ತೇವ ನೋಡಿ. ಮುಂಗಾಜಿನ ಕ್ಯಾಮೆರಾ, ಬಂಪರ್‌ನ ರೇಡಾರ್ ಇರುವ ಕಾರಾದರೆ ಕ್ಯಾಲಿಬ್ರೇಷನ್ (ಅವನ್ನು ಮತ್ತೆ ಸರಿಯಾಗಿ ಹೊಂದಿಸುವುದು) ವರದಿ ಬೇಕೇ ಬೇಕು. ಎಚ್ಚರಿಕೆ ದೀಪ ಉರಿಯುತ್ತಿಲ್ಲ ಎಂಬುದು ಕ್ಯಾಲಿಬ್ರೇಷನ್ ಆಗಿದೆ ಎಂಬುದಕ್ಕೆ ಪುರಾವೆಯಲ್ಲ. ಜೊತೆಗೆ ವೀಲ್ ಅಲೈನ್‌ಮೆಂಟ್ ಮತ್ತು ಬೆಂಚ್ ಅಳತೆಯ ಪ್ರಿಂಟ್. ಹೆದ್ದಾರಿಯ ವೇಗದಲ್ಲಿ ಒಮ್ಮೆ ಓಡಿಸಿ, ಗಾಳಿಯ ಸಿಳ್ಳೆ ಕೇಳಿದರೆ ಅಲ್ಲಿಂದಲೇ ಹಿಂದಿರುಗಿ.

ಕಾಗದಗಳನ್ನು ಜೋಪಾನ ಮಾಡಲು ಇನ್ನೊಂದು ಕಾರಣವಿದೆ. ಕಾರು ಮಾರುವಾಗ ಬರುವವನು ಬಣ್ಣದ ದಪ್ಪ ಅಳೆಯುವ ಮೀಟರ್ ತರುತ್ತಾನೆ. ಫ್ಯಾಕ್ಟರಿ ಬಣ್ಣ ಸುಮಾರು 100ರಿಂದ 150 ಮೈಕ್ರಾನ್ ತೋರಿಸಿದರೆ, ಮರುಬಣ್ಣ ಹೊಡೆದ ಪ್ಯಾನೆಲ್ 200 ದಾಟುತ್ತದೆ, ಪುಟ್ಟಿ ಇರುವಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು. ‘ಆಕ್ಸಿಡೆಂಟ್ ಗಾಡಿ’ ಎಂದು ಬೆಲೆ ಇಳಿಸಲು ಅಷ್ಟು ಸಾಕು. ರೀಕಾಲ್ ಸಂಖ್ಯೆ, ಚಾಸಿ ನಂಬರ್, ಬದಲಿಸಿದ ಪ್ಯಾನೆಲ್‌ಗಳ ಪಟ್ಟಿ, ಫೋಟೋ ಒಟ್ಟಿಗೆ ಇದ್ದರೆ ಆ ಮಾತು ಅಲ್ಲಿಗೇ ನಿಲ್ಲುತ್ತದೆ. ಕಂಪನಿಯ ದಾಖಲೆಯಲ್ಲಿ ನಿಮ್ಮ ನಂಬರಿನ ಎದುರು ರೀಕಾಲ್ ‘ಪೂರ್ಣ’ ಎಂದು ಬಂದಿದೆಯೇ ಎಂದು ಕೆಲವು ವಾರ ಬಿಟ್ಟು ನೋಡಿ. ಕೆಲಸ ಮುಗಿದರೂ ಡೀಲರ್ ಕ್ಲೇಮ್ ಹಾಕದೆ ಉಳಿಸಿಬಿಡುವುದುಂಟು.

ಮೊದಲ ತಿಂಗಳು ಆ ಪ್ಯಾನೆಲ್‌ಗೆ ವ್ಯಾಕ್ಸ್ ಪಾಲಿಶ್ ಬೇಡ, ಬಣ್ಣ ಇನ್ನೂ ಒಳಗೊಳಗೆ ಒಣಗುತ್ತಿರುತ್ತದೆ. ಆರು ತಿಂಗಳಿಗೊಮ್ಮೆ ಸಿಲ್‌ನ ಅದೇ ತೂತುಗಳ ಕೆಳಗೆ ನೋಡಿ. ಅಲ್ಲಿಂದ ಕಂದು ನೀರಿನ ಗೆರೆ ಇಳಿದಿದ್ದರೆ ಅದನ್ನು ಒರೆಸುವ ಮೊದಲು ಫೋಟೋ ತೆಗೆದು, ಹಳೆಯ ಜಾಬ್ ಕಾರ್ಡ್ ಸಮೇತ ಅದೇ ಡೀಲರ್‌ಗೆ, ದುರಸ್ತಿಯ ವಾರಂಟಿ ಮುಗಿಯುವುದರೊಳಗೆ, ಬರಹದಲ್ಲೇ ದೂರು ಕೊಡಿ.