38 ದಿನದ ಹಳ್ಳ

ಕಬಡ್ಡಿ ಆಡಿಸಿ ಓಣಿಯ ಹುಡುಗರಿಗೆ ಕೆಲಸ ಕೊಡಿಸುತ್ತೇನೆ ಎಂದಾಗ ನಮ್ಮ ಭಾಗದ ಹಿರಿಯ ಕೋಚ್ ಒಬ್ಬರು ಚಹಾದ ಕಪ್ಪು ಕೆಳಗಿಟ್ಟು ನಕ್ಕಿದ್ದರು. "ಸ್ಪೋರ್ಟ್ಸ್ ಕೋಟಾದಲ್ಲಿ ಒಬ್ಬನನ್ನು ರೈಲ್ವೆಗೆ ಸೇರಿಸು, ನಿನ್ನ ಜನ್ಮ ಸಾರ್ಥಕ. ಉಳಿದವರು ಎಪಿಎಂಸಿಯಲ್ಲಿ ಚೀಲ ಹೊರುವವರೇ" ಎಂದಿದ್ದರು. ಕಳೆದ ದೀಪಾವಳಿಯಲ್ಲಿ ಅಂಗಡಿಯವರು ಲೆಕ್ಕದ ಪುಸ್ತಕಕ್ಕೆ ಪೂಜೆ ಮಾಡುವ ಹೊತ್ತಿಗೆ ನಾನು ನನ್ನ ಹಾಜರಿ ಪುಸ್ತಕಗಳನ್ನು ತೆಗೆದು ಎಣಿಸಿದೆ. ಸುಮಾರು 140 ಹುಡುಗರು ಕೆಲಸಕ್ಕೆ ಸೇರಿದ್ದಾರೆ. ಅದರಲ್ಲಿ 90ಕ್ಕೂ ಹೆಚ್ಚು ಮಂದಿ ಅದೇ ಕೆಲಸದಲ್ಲಿ ವರ್ಷ ದಾಟಿದ್ದಾರೆ. ರೈಲ್ವೆಗೆ ಹೋದವನು ಒಬ್ಬನೂ ಇಲ್ಲ. ಆ ಮಟ್ಟಿಗೆ ಅವರ ಮಾತೂ ಗೆದ್ದಿತು.

ನಾನು ಹುಬ್ಬಳ್ಳಿಯವನು. ಗೋಕುಲ ರಸ್ತೆಯ ಕಡೆ ಒಂದು ವಾಲ್ವ್ ಕಾರ್ಖಾನೆಯಲ್ಲಿ 22 ವರ್ಷ ಫಿಟ್ಟರ್ ಆಗಿದ್ದೆ. ಕಬಡ್ಡಿಯಲ್ಲಿ ಆಡುತ್ತಿದ್ದದ್ದು ಎಡ ಕಾರ್ನರ್, ಎಡ ತುದಿಯಲ್ಲಿ ನಿಂತು ಎದುರಾಳಿಯನ್ನು ಹಿಡಿಯುವ ಜಾಗ. ತಂಡ ಕಟ್ಟಿದವರಿಗೆ ಅಂಕಣಕ್ಕೆ ಸುಣ್ಣ ಹಾಕುವುದನ್ನೂ ಪಾದದ ಗಂಟು ಹಿಡಿಯುವ ಆ್ಯಂಕಲ್ ಹೋಲ್ಡ್ ಕಲಿಸುವುದನ್ನೂ ನಾನು ಹೇಳಿಕೊಡಬೇಕಿಲ್ಲ. ಆಟ ಮುಗಿದ ಮೇಲೆ ಹುಡುಗ ಎಲ್ಲಿಗೆ ಹೋಗುತ್ತಾನೆ, ಅಲ್ಲಿ ಏಕೆ ನಿಲ್ಲುವುದಿಲ್ಲ ಎಂಬುದಷ್ಟೇ ಇಲ್ಲಿನ ವಿಷಯ.

2014ರಲ್ಲಿ ಪ್ರೊ ಕಬಡ್ಡಿ ಶುರುವಾದ ಮೇಲೆ ನಮ್ಮ ಮೈದಾನಕ್ಕೆ ಹುಡುಗರನ್ನು ಕರೆಯುವ ಕೆಲಸವೇ ಉಳಿಯಲಿಲ್ಲ, ತಾವಾಗಿಯೇ ಬಂದರು. 2019ರ ಜನವರಿಯಲ್ಲಿ ಬೆಂಗಳೂರು ಬುಲ್ಸ್ ಗೆದ್ದಾಗಲಂತೂ ಓಣಿಯಲ್ಲಿ ಪಟಾಕಿ ಹಾರಿತು. ಆದರೆ ಲೀಗ್‌ನಲ್ಲಿ ಇರುವುದು 12 ತಂಡ. ದೇಶದಲ್ಲಿ ಕಬಡ್ಡಿ ಆಡುವ ಹುಡುಗರ ಲೆಕ್ಕ ಹಿಡಿದವರಾರು? ಈ ಮಾತನ್ನು ಹುಡುಗರಿಗೆ ಮೊದಲ ದಿನವೇ ಹೇಳಿಬಿಡುತ್ತೇನೆ. ಅವರು ನಂಬುವುದಿಲ್ಲ, ಅದು ಬೇರೆ ಮಾತು.

2016ರಲ್ಲಿ ಶುರು ಮಾಡಿದ್ದು ಸಂಜೆಯ ತಾಲೀಮು, ಅದು ಮುಗಿದ ಮೇಲೆ 20 ನಿಮಿಷದ ಭಾಷಣ. ಶಿಸ್ತು, ತಂಡದ ಒಗ್ಗಟ್ಟು, ನಾಯಕತ್ವ ಎಂದೆಲ್ಲ ಅತಿಥಿಗಳನ್ನು ಕರೆಸಿ ಹೇಳಿಸಿದೆ. ಶಾಲು, ಹಾರ, ಗಿರ್ಮಿಟ್, ಚಹಾ ಸೇರಿ ಪ್ರತಿ ಸಲ 600 ರೂಪಾಯಿ ಖರ್ಚು. ಹುಡುಗರು ಮೊದಲ ದಿನ ಮೈಗೆ ಹತ್ತಿದ ಮಣ್ಣು ಉಜ್ಜಿಕೊಳ್ಳುತ್ತ ಕೇಳಿದರು. ಮರುದಿನದಿಂದ ಗಿರ್ಮಿಟ್ ತಿಂದು ಭಾಷಣಕ್ಕೆ ಮೊದಲೇ ಜಾಗ ಖಾಲಿ ಮಾಡಿದರು. ಭಾಷಣದಿಂದ ಒಬ್ಬನಿಗೂ ಕೆಲಸ ಸಿಕ್ಕಿದ್ದು ನೆನಪಿಲ್ಲ.

ಮರುವರ್ಷ 22 ಹುಡುಗರನ್ನು ಟೆಂಪೊದಲ್ಲಿ ತುಂಬಿಕೊಂಡು ಉದ್ಯೋಗ ಮೇಳಕ್ಕೆ ಹೋದೆ. ಬಾಡಿಗೆ, ಫೋಟೊ, ಜೆರಾಕ್ಸ್ ಸೇರಿ ಮೂರೂವರೆ ಸಾವಿರ ನನ್ನ ಕಿಸೆಯಿಂದ. 13 ಮಂದಿಗೆ ಕೆಲಸದ ಪತ್ರ ಸಿಕ್ಕಿತು. ಪತ್ರ ಹಿಡಿದು ನಿಂತ ಗುಂಪಿನ ಫೋಟೊ ತೆಗೆಸಿ ಮನೆಯ ಗೋಡೆಗೆ ಹಾಕಿದೆ. ಎರಡನೇ ತಿಂಗಳು ಮುಗಿಯುವಾಗ ಕೆಲಸದಲ್ಲಿ ಉಳಿದವರು ಇಬ್ಬರು. ಒಂದು ಕಾರ್ಖಾನೆಯ ಎಚ್‌ಆರ್ ಫೋನ್ ಮಾಡಿ, "ನಿಮ್ಮ ಹುಡುಗರಿಗೆ ದುಡಿಯುವ ಮನಸ್ಸಿಲ್ಲ, ಇನ್ನು ಯಾರನ್ನೂ ಕಳಿಸಬೇಡಿ" ಎಂದರು. ನಾನೂ ಅದನ್ನೇ ನಂಬಿದೆ. ಆರು ತಿಂಗಳು ಹುಡುಗರನ್ನು ಸೋಮಾರಿಗಳೆಂದು ಬೈದುಕೊಂಡು ತಿರುಗಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಕಣ್ಣು ತೆರೆಸಿದ್ದು ಅಮರಗೋಳದ ಎಪಿಎಂಸಿ. ಯಾವುದೋ ಕೆಲಸಕ್ಕೆ ಹೋಗಿದ್ದೆ. ಹಿಡಿಯುವವರ ಸಾಲಿನಲ್ಲಿ ನಮ್ಮ ಬಲ ಕವರ್ ಆಡುವ ಹುಡುಗ, ಮೇಳದಲ್ಲಿ ಪತ್ರ ಪಡೆದವನೇ, ಉಳ್ಳಾಗಡ್ಡಿ ಚೀಲ ಹೊತ್ತು ಲಾರಿಯ ಹಲಗೆ ಹತ್ತುತ್ತಿದ್ದ. 50 ಕಿಲೊ ಚೀಲ. ಇವನನ್ನು ಸೋಮಾರಿ ಎಂದಿದ್ದೆನಲ್ಲ! ಇಳಿದು ಬಂದವನನ್ನು ಕಾರ್ಖಾನೆ ಏಕೆ ಬಿಟ್ಟೆ ಎಂದು ಕೇಳಿದೆ. "ಸರ್, ಅಲ್ಲಿ ಪಗಾರ ಬರುವವರೆಗೆ ಮನೆಯಲ್ಲಿ ಉದ್ರಿ ಕೊಡುವವರು ಯಾರೂ ಉಳಿದಿರಲಿಲ್ಲ. ಟಂಟಂ ಆಟೊಗೆ ದಿನಕ್ಕೆ 40 ರೂಪಾಯಿ ಎಲ್ಲಿಂದ ತರಲಿ?" ಎಂದ.

ಮನೆಗೆ ಬಂದು ಲೆಕ್ಕ ಹಾಕಿದೆ. ಮುಂದಿನ ತಿಂಗಳ 7ನೇ ತಾರೀಕಿನೊಳಗೆ ಪಗಾರ ಕೊಡಬೇಕೆಂದು ಕಾನೂನು. 1ನೇ ತಾರೀಕು ಸೇರಿದವನಿಗೆ ದುಡ್ಡು ಕೈಗೆ ಬರುವುದು 38ನೇ ದಿನದ ಹೊತ್ತಿಗೆ. ಅದೂ ಎಲ್ಲ ಸರಿಯಾಗಿದ್ದರೆ. ನಡುವೆ ಗುತ್ತಿಗೆದಾರನಿದ್ದರೆ 45 ಎನ್ನಿ. ಹಮಾಲಿಯಲ್ಲಾದರೆ ಸಂಜೆ 6ಕ್ಕೆ 450 ರೂಪಾಯಿ ಅಂಗೈಯಲ್ಲಿ. 22 ವರ್ಷ ಪಗಾರ ತೆಗೆದುಕೊಂಡ ನನಗೆ ಈ ಹಳ್ಳ ಕಂಡೇ ಇರಲಿಲ್ಲ. ನಾನು ಸೇರಿದಾಗ ಅಪ್ಪನ ಪಗಾರ ಮನೆಗೆ ಬರುತ್ತಿತ್ತು.

ಅಲ್ಲಿಂದ ಹುಟ್ಟಿದ್ದು ನಮ್ಮ ಡಬ್ಬಿ. ಮೊದಲ ಬಂಡವಾಳ 40 ಸಾವಿರ. 25 ನನ್ನದು, ಉಳಿದದ್ದು ಹಳೆಯ ತಂಡದ ಗೆಳೆಯರದು. ಮನೆಯವಳು ಮೂರು ದಿನ ಮಾತು ಬಿಟ್ಟಳು. ಕೆಲಸಕ್ಕೆ ಸೇರುವವನಿಗೆ 3,500 ರೂಪಾಯಿ ಬಡ್ಡಿಯಿಲ್ಲದ ಸಾಲ. ಎರಡನೇ ಪಗಾರದಿಂದ ತಿಂಗಳಿಗೆ 500ರಂತೆ ಏಳು ಕಂತು. ಮೊದಲ ಸಲ ಪೂರ್ತಿ ಮೊತ್ತವನ್ನು ಒಟ್ಟಿಗೆ ಕೊಟ್ಟೆ. ಒಬ್ಬ ಮೊಬೈಲ್ ತಂದ, ಇನ್ನೊಬ್ಬನ ದುಡ್ಡು ಅವನ ಅಪ್ಪನ ಕುಡಿತಕ್ಕೆ ಹೋಯಿತು. ಆಮೇಲೆ ಪ್ರತಿ ಸೋಮವಾರ 700, ಐದು ವಾರ, ಅದೂ ಮೈದಾನಕ್ಕೆ ಬಂದು ಸಹಿ ಮಾಡಿದವನಿಗೆ ಮಾತ್ರ.

ವಸೂಲಿಯಲ್ಲಿ ಇನ್ನೂ ದೊಡ್ಡ ತಪ್ಪು ಮಾಡಿದೆ. ಕಂತು ಕಟ್ಟದವನಿಗೆ ಭಾನುವಾರದ ಆಟ ಇಲ್ಲ ಎಂದು ನಿಯಮ ಹಾಕಿದೆ. ಇಬ್ಬರು ಮೈದಾನಕ್ಕೇ ಬರುವುದನ್ನು ಬಿಟ್ಟರು. ಐದು ಸಾವಿರದಷ್ಟು ದುಡ್ಡೂ ಹೋಯಿತು, ಕಂತಿಗಿಂತ ಬೆಲೆಬಾಳುವ ಇಬ್ಬರು ಡಿಫೆಂಡರ್‌ಗಳೂ ಹೋದರು. ನಂತರ ನಿಯಮವನ್ನು ತಿರುಗಿಸಿದೆ. ಬಾಕಿ ಇದ್ದವನು ಎಲ್ಲರಿಗಿಂತ ಮೊದಲು ಬರಬೇಕು, ನೀರು ಹೊಡೆದು ಸುಣ್ಣ ಹಾಕಬೇಕು, ಒಂದು ಪಂದ್ಯಕ್ಕೆ ಅಂಪೈರ್ ಆಗಬೇಕು, ಆಮೇಲೆ ಆಡಬೇಕು. ಈಗ 100ಕ್ಕೆ 90 ರೂಪಾಯಿ ವಾಪಸು ಬರುತ್ತದೆ.

ಇನ್ನು ಹಾಜರಿ. ಸಂಜೆಯ ತಾಲೀಮನ್ನು ಬೆಳಿಗ್ಗೆ 5ಕ್ಕೆ ತಂದೆ. ತಾರಿಹಾಳದ ಕಡೆಯ ಘಟಕಗಳಲ್ಲಿ ಮೊದಲ ಪಾಳಿ 6ಕ್ಕೋ 7ಕ್ಕೋ ಶುರು. ಆ ಹೊತ್ತಿಗೆ ಏಳಲಾಗದವನು ಕೆಲಸದಲ್ಲಿ ಉಳಿಯುವುದಿಲ್ಲ, ಅದನ್ನು ಕಾರ್ಖಾನೆಯ ಖರ್ಚಿನಲ್ಲಿ ಕಲಿಯುವುದಕ್ಕಿಂತ ನನ್ನ ಮೈದಾನದಲ್ಲಿ ಕಲಿಯಲಿ. ಅದೇ ಹಿರಿಯ ಕೋಚ್, "ಐದಕ್ಕೆ ನಾಯಿಯೂ ಏಳುವುದಿಲ್ಲ" ಎಂದರು. ಮೊದಲ ವಾರ ನಾಲ್ವರು ಬಂದರು, ಏಳು ಮಂದಿಯ ಆಟಕ್ಕೆ ನಾಲ್ವರು! ಎರಡನೇ ತಿಂಗಳಿಗೆ 26. 5 ಗಂಟೆ 10 ನಿಮಿಷದ ನಂತರ ಬಂದವನಿಗೆ ಆಟ ಉಂಟು, ಹಾಜರಿ ಇಲ್ಲ. 60 ದಿನದಲ್ಲಿ 50 ಹಾಜರಿ ಇದ್ದವನ ಹೆಸರು ಮಾತ್ರ ಕಾರ್ಖಾನೆಯ ಪಟ್ಟಿಗೆ. ನನ್ನ ಸ್ವಂತ ಅಕ್ಕನ ಮಗನಿಗೆ 43 ಇತ್ತು. ಕಳಿಸಲಿಲ್ಲ. ಅಕ್ಕ ಆ ವರ್ಷ ಪಂಚಮಿಗೆ ಉಂಡಿ ಕೊಡಲಿಲ್ಲ.

ಆ ಪುಸ್ತಕವನ್ನೇ ಎಚ್‌ಆರ್ ಮುಂದೆ ಇಟ್ಟೆ. ಸರ್ಟಿಫಿಕೇಟು, ಕಪ್ಪು, ಪದಕ ಯಾವುದನ್ನೂ ಒಯ್ಯಲಿಲ್ಲ. ಮೊದಲ ಭೇಟಿಯಲ್ಲಿ ನಾನು ಅವರಿಗೆ ಹೇಳುವ ಒಂದು ಮಾತಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ನಾಳೆ ನಾಲ್ಕು ತಂಡದವರು ಅದೇ ಮಾತು ಹಿಡಿದು ಹೋದರೆ ಅದರ ಬೆಲೆ ಇಳಿಯುತ್ತದೆ. ಅಂದು ಫೋನ್ ಮಾಡಿ ಬೈದಿದ್ದ ಅದೇ ಎಚ್‌ಆರ್ ಈಗ ವರ್ಷಕ್ಕೆ ಎರಡು ಸಲ, "ಐದಾರು ಮಂದಿ ಇದ್ದಾರೆಯೇ?" ಎಂದು ತಾವೇ ಕೇಳುತ್ತಾರೆ ಎಂಬುದನ್ನು ಮಾತ್ರ ಹೇಳಿಕೊಳ್ಳುತ್ತೇನೆ.

ಆ 60 ದಿನದಲ್ಲಿ ಕಾಗದಪತ್ರದ ಕೆಲಸವೂ ಮುಗಿಯಬೇಕು. ಟಿಸಿಯಲ್ಲಿ ಒಂದು ಹುಟ್ಟಿದ ದಿನ, ಆಧಾರ್‌ನಲ್ಲಿ ಇನ್ನೊಂದು. ಅಡ್ಡಹೆಸರು ಒಂದರಲ್ಲಿ ಉಂಟು, ಇನ್ನೊಂದರಲ್ಲಿ ಇಲ್ಲ. ಪಿಎಫ್ ಖಾತೆ ಅಲ್ಲೇ ಸಿಕ್ಕಿಬೀಳುತ್ತದೆ. ಹಾಗೆ ನೋಡಿದರೆ ನಮ್ಮ ತಂಡದ ಅರ್ಧದಷ್ಟು ಮಂದಿ ಜೂನ್ 1ರಂದೇ ಹುಟ್ಟಿದವರು, ಎಲ್ಲ ಹೆಡ್‌ಮಾಸ್ತರರ ಕೃಪೆ. 18 ತುಂಬದವನನ್ನು ಯಾರು ಕೇಳಿದರೂ ಕಳಿಸುವುದಿಲ್ಲ. ಅವನಿಗೆ ಐಟಿಐ ದಾರಿ ತೋರಿಸುತ್ತೇನೆ, ಆಮೇಲೆ ಅಪ್ರೆಂಟಿಸ್. ಆ ದಾರಿಯಲ್ಲಿ ಹೋದವರು ಕಡಿಮೆ, ಹೋದವರು ಗಟ್ಟಿ.

ಈಗ ಒಬ್ಬನನ್ನೇ ಎಲ್ಲಿಗೂ ಕಳಿಸುವುದಿಲ್ಲ. ಇಬ್ಬರನ್ನು ಒಂದೇ ಕಾರ್ಖಾನೆಗೆ, ಸಾಧ್ಯವಾದರೆ ಒಂದೇ ಪಾಳಿಗೆ. ಡಿಫೆನ್ಸ್‌ನಲ್ಲಿ ಕೈಕೈ ಹಿಡಿದು ಚೈನ್ ಮಾಡುವುದಿಲ್ಲವೇ, ಹಾಗೆ. ಒಬ್ಬನಿಗೆ ಫೋರ್‌ಮನ್ ಬೈದ ದಿನ ಇನ್ನೊಬ್ಬ ಅವನನ್ನು ಮರುದಿನ ಎಬ್ಬಿಸಿಕೊಂಡು ಹೋಗುತ್ತಾನೆ. ಒಂಟಿಯಾಗಿ ಕಳಿಸಿದ 10 ಮಂದಿಯಲ್ಲಿ ನಾಲ್ವರು ಉಳಿದರೆ, ಜೋಡಿಯಲ್ಲಿ ಏಳೆಂಟು ಮಂದಿ ಉಳಿಯುತ್ತಾರೆ. ಯಾರಿಗೆ ಯಾರು ಜೋಡಿ ಎಂದು ಆರಿಸುವ ಬಗೆಯೂ ಒಂದಿದೆ. ಅತ್ಯಂತ ಆಪ್ತ ಗೆಳೆಯರನ್ನು ಮಾತ್ರ ಜೋಡಿ ಮಾಡಬೇಡಿ, ಬಿಡುವಾಗಲೂ ಒಟ್ಟಿಗೇ ಬಿಡುತ್ತಾರೆ. ಅಷ್ಟು ಹೇಳಿದರೆ ಸಾಕು.

ನನ್ನದೊಂದು ಹುಚ್ಚು ಸಿದ್ಧಾಂತವೂ ಇದೆ. ಕಾರ್ನರ್ ಮತ್ತು ಕವರ್ ಹುಡುಗರು ಮಷಿನ್ ಮುಂದೆ ನಿಲ್ಲುತ್ತಾರೆ, ರೈಡರ್ ನಿಲ್ಲುವುದಿಲ್ಲ. 30 ಸೆಕೆಂಡಿನಲ್ಲಿ ಹೋಗಿ ಮುಟ್ಟಿ ಬರುವುದು ಅವನ ಸ್ವಭಾವ, ಎಂಟು ತಾಸು ಒಂದೇ ಕಡೆ ನಿಲ್ಲು ಎಂದರೆ ಹೇಗೆ? ಅವನನ್ನು ಡೆಲಿವರಿಗೆ, ಅಂಗಡಿಯ ಮಾರಾಟಕ್ಕೆ, ಗೋದಾಮಿಗೆ ಕಳಿಸಿ ನೋಡಿದೆ, ಚೆನ್ನಾಗಿಯೇ ನಡೆಯಿತು. ಇದನ್ನು ಸುಳ್ಳು ಮಾಡಿದ ಮೂವರು ರೈಡರ್‌ಗಳು ಈಗ ಲೇತ್ ಮಷಿನ್ ಮೇಲಿದ್ದಾರೆ. ಆದರೂ ಸಿದ್ಧಾಂತ ಬಿಟ್ಟಿಲ್ಲ.

ಕೈ ಸುಟ್ಟುಕೊಂಡದ್ದೂ ಕಡಿಮೆಯಲ್ಲ. ಕಬಡ್ಡಿ ಮ್ಯಾಟ್ ಬಾಡಿಗೆಗೆ ಕೊಟ್ಟರೆ ಡಬ್ಬಿಗೆ ಆದಾಯವಾಗುತ್ತದೆ, ಹಾಸಿ ಎತ್ತುವ ಹುಡುಗರಿಗೂ ಕೂಲಿ ಸಿಗುತ್ತದೆ ಎಂದು 2018ರಲ್ಲಿ ಸೊಸೈಟಿ ಸಾಲ ತೆಗೆದು ಹಳೆಯದೊಂದನ್ನು ಕೊಂಡೆ. ಲಕ್ಷದ ಮೇಲೆ 20 ಸಾವಿರ. 13 ಮೀಟರ್ ಉದ್ದ, 10 ಮೀಟರ್ ಅಗಲದ ಅಂಕಣಕ್ಕೆ ಹಾಸುವ ತುಂಡುಗಳನ್ನು ಇಡಲು ಜಾಗವಿಲ್ಲದೆ ತಗಡಿನ ಶೆಡ್ಡಿನಲ್ಲಿ ಒಟ್ಟಿದೆ. 2019ರ ಆಗಸ್ಟ್ ಮಳೆ ಹುಬ್ಬಳ್ಳಿ-ಧಾರವಾಡದವರಿಗೆ ಮರೆಯುವಂಥದ್ದಲ್ಲ. ನೀರಿನಲ್ಲಿ ನೆಂದು, ಬೂಷ್ಟು ಹಿಡಿದು, ಉಳಿದದ್ದನ್ನು ಇಲಿ ತಿಂದವು. ಏಳೆಂಟು ಪಂದ್ಯಾವಳಿಯ ಬಾಡಿಗೆ ಬಿಟ್ಟರೆ ಏನೂ ಬರಲಿಲ್ಲ, ಸಾಲ ಮೂರು ವರ್ಷ ಕಟ್ಟಿದೆ. ಹೊನಲು ಬೆಳಕಿನ ಪಂದ್ಯಾವಳಿ ಮಾಡಿ ದುಡ್ಡು ಎತ್ತುತ್ತೇನೆ ಎಂದು ಹೊರಟವರೂ ಯೋಚಿಸಿ. ಜನರೇಟರ್, ಪೆಂಡಾಲ್, ಕಪ್ಪು, ಊಟ ಕಳೆದು ನನಗೆ ಉಳಿದದ್ದು 1,800 ರೂಪಾಯಿ ಮತ್ತು ಕೂತ ಗಂಟಲು.

ಭದ್ರತಾ ಸಿಬ್ಬಂದಿ ಒದಗಿಸುವ ಒಂದು ಏಜೆನ್ಸಿಗೆ ಆರು ಮಂದಿಯನ್ನು ಕೊಟ್ಟೆ. ಸಮವಸ್ತ್ರದ ಹೆಸರಿನಲ್ಲಿ ಮೊದಲ ಪಗಾರದಲ್ಲಿ 2,500 ಮುರಿದುಕೊಂಡರು. ಪಿಎಫ್ ಕಡಿತ ಚೀಟಿಯಲ್ಲಿ ಇತ್ತು, ಖಾತೆಯಲ್ಲಿ ಇರಲಿಲ್ಲ. ಅಂದಿನಿಂದ ಮೂರನೇ ತಿಂಗಳು ಹುಡುಗರ ಮೊಬೈಲ್‌ನಲ್ಲಿ ಪಿಎಫ್ ಪಾಸ್‌ಬುಕ್ ತೆರೆಸಿ ನೋಡುತ್ತೇನೆ. ಕೆಲಸಗಾರನ ಆಸ್ಪತ್ರೆ ಖರ್ಚು ನೋಡಿಕೊಳ್ಳುವ ಇಎಸ್‌ಐ ವಿಮೆಯ ಸಂಖ್ಯೆಯನ್ನೂ ಬರೆದಿಟ್ಟುಕೊಳ್ಳುತ್ತೇನೆ. ಅದರ ಬೆಲೆ ತಿಳಿದದ್ದು ಇನ್ನೂ ಕೆಲಸಕ್ಕೆ ಸೇರದ ಹುಡುಗನೊಬ್ಬನ ಮೊಣಕಾಲಿನ ಲಿಗಮೆಂಟ್ ತಾಲೀಮಿನಲ್ಲಿ ಹರಿದಾಗ. ಆಸ್ಪತ್ರೆಗೆ 70 ಸಾವಿರದ ಹತ್ತಿರ ಆಯಿತು, ಡಬ್ಬಿ ತಳ ಕಂಡಿತು. ಈಗ ಎಲ್ಲರಿಗೂ ಅಪಘಾತ ವಿಮೆ ಮಾಡಿಸಿದ ಮೇಲೆಯೇ ಅಂಕಣಕ್ಕೆ ಇಳಿಸುವುದು. 2020ರ ಲಾಕ್‌ಡೌನ್‌ನಲ್ಲಿ ಅರ್ಧದಷ್ಟು ಹುಡುಗರ ಕೆಲಸ ಹೋಯಿತು. ಆ ವರ್ಷದ ಪುಟಗಳು ಖಾಲಿ ಇವೆ, ಹೇಳಲು ಏನೂ ಇಲ್ಲ.

ಹೆಣ್ಣುಮಕ್ಕಳಿಗೆ ಖೋ ಖೋ ಶುರು ಮಾಡಿದ್ದು ಆಮೇಲೆ. 14 ಮಂದಿ ಬಂದರು, ಒಂದು ತಿಂಗಳಿಗೆ ಐವರಾದರು. ತಾಯಂದಿರ ಕಟ್ಟುಪಾಡೇ ಕಾರಣ ಎಂದುಕೊಂಡು ಮನೆ ಮನೆಗೆ ಹೋಗಿ ಬುದ್ಧಿ ಹೇಳಿದೆ. ಕೊನೆಗೆ ಒಬ್ಬ ತಾಯಿಯೇ, "ಮೈದಾನದಲ್ಲಿ ಶೌಚಾಲಯ ಎಲ್ಲಿದೆ ಅಣ್ಣಾ?" ಎಂದು ಕೇಳಿದರು. ಪಕ್ಕದ ಸಮುದಾಯ ಭವನದ ಕೀಲಿ ತಿಂಗಳಿಗೆ 300 ರೂಪಾಯಿಗೆ ಸಿಕ್ಕಿತು, ಸಂಖ್ಯೆ ಮತ್ತೆ 11ಕ್ಕೆ ಏರಿತು. 2025ರ ಜನವರಿಯಲ್ಲಿ ದೆಹಲಿಯ ಮೊದಲ ಖೋ ಖೋ ವಿಶ್ವಕಪ್ಪನ್ನು ನಮ್ಮವರು ಗೆದ್ದಾಗ, ತಂಡದಲ್ಲಿ ತಿ. ನರಸೀಪುರದ ಕಡೆಯ ಕುರುಬೂರಿನ ಚೈತ್ರಾ ಇದ್ದಾರೆ ಎಂದು ತಿಳಿದ ಮೇಲೆ ಸಂಖ್ಯೆ 20 ದಾಟಿತು. ಇವರಲ್ಲಿ ಆರು ಮಂದಿ ಸಿದ್ಧ ಉಡುಪಿನ ಘಟಕಕ್ಕೆ ಹೋಗಿದ್ದಾರೆ, ಆರೂ ಮಂದಿ ಉಳಿದಿದ್ದಾರೆ. ಸಾಲದ ಕಂತನ್ನು ತಾರೀಕಿಗೆ ಮೊದಲೇ ತರುತ್ತಾರೆ. ಹುಡುಗರಿಗೆ ಇದನ್ನು ವಾರಕ್ಕೊಮ್ಮೆ ಹೇಳಿ ಚುಚ್ಚುತ್ತೇನೆ.

ಎಣಿಸದೆ ಬಂದ ಲಾಭ ಅಂಪೈರ್ ಕೆಲಸ. ಬಾಕಿದಾರರಿಗೆ ಶಿಕ್ಷೆಯೆಂದು ಸೀಟಿ ಕೊಟ್ಟಿದ್ದೆನಲ್ಲ, ಅವರಲ್ಲಿ ಮೂವರು ಬೋನಸ್, ಲೋನಾದಂಥ ಹೆಚ್ಚುವರಿ ಅಂಕಗಳನ್ನೂ ತಪ್ಪಿಲ್ಲದೆ ಬರೆಯುವಷ್ಟು ಪಳಗಿ, ಸುತ್ತಲಿನ ಹಳ್ಳಿಗಳ ಪಂದ್ಯಾವಳಿಗೆ ದಿನಕ್ಕೆ 700ರಂತೆ ಹೋಗುತ್ತಿದ್ದಾರೆ. ಜಾತ್ರೆಯ ದಿನಗಳಲ್ಲಿ ಪಗಾರದ ಮೇಲೆ ಮೂರು-ನಾಲ್ಕು ಸಾವಿರ ಸೇರುತ್ತದೆ.

ಇವತ್ತಿನ ಮಟ್ಟಿಗೆ ಡಬ್ಬಿಯಲ್ಲಿ 31 ಸಾವಿರ ನಗದು, ಹೊರಗೆ 20 ಸಾವಿರ ಸಾಲ. ಅದರಲ್ಲಿ ಹಳೆಯ ಬಾಕಿ 2,000, ನಮ್ಮ ತಂಡದ ಒಳ್ಳೆಯ ರೈಡರ್‌ನದು. ಕಂತು ತಪ್ಪಿಸಿ ಎಂಟು ತಿಂಗಳಾಯಿತು. ಕೆಲಸ ಬಿಟ್ಟಿಲ್ಲ, ವಿಚಾರಿಸಿದ್ದೇನೆ. ಪ್ರತಿ ಭಾನುವಾರ ಐದಕ್ಕೂ ಮೊದಲೇ ಬಂದು, ಯಾರ ಮುಖವನ್ನೂ ನೋಡದೆ ಸುಣ್ಣ ಹಾಕಿ ಸೀಟಿ ಹಿಡಿದು ನಿಲ್ಲುತ್ತಾನೆ. ಬಾಕಿ ತೀರಿದರೆ ಈ ಕೆಲಸ ಇನ್ನೊಬ್ಬನಿಗೆ ಹೋಗುತ್ತದೆಂದು ಬೇಕೆಂದೇ ಉಳಿಸಿಕೊಂಡಿದ್ದಾನೆ ಎಂದು ಹುಡುಗರು ಹೇಳುತ್ತಾರೆ. ನಾನು ಇನ್ನೂ ಕೇಳಿಲ್ಲ.